ಬಾಲ ಇರುವ ಮಿರ್ಚಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಾಲ. ಅದೂ ಹುಲಿಯದಲ್ಲ, ಹೋರಿಯದಲ್ಲ, ಬೆರಳುದ್ದದ ಸಿಗಡಿಯ ಬಾಲ.

ಹಿರೇಕೆರೂರಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ರುದ್ರೇಶ ಹೋದ ತಿಂಗಳು ಗೋವಿನಜೋಳದ ಲಾರಿಯ ಜೊತೆ ಹುಬ್ಬಳ್ಳಿಗೆ ಹೋಗಿದ್ದ. ಮಾಲು ಇಳಿಸಿಕೊಂಡ ವ್ಯಾಪಾರಿ ಖುಷಿಯಲ್ಲಿ ಅವನನ್ನು ಚೈನೀಸ್ ಹೋಟೆಲ್ಲಿಗೆ ಕರೆದೊಯ್ದು, ಏನೆಂದು ಹೇಳದೆಯೇ ಒಂದು ತಟ್ಟೆ ಮುಂದಿಟ್ಟ. ಬಂಗಾರದ ಬಣ್ಣಕ್ಕೆ ಉಬ್ಬಿದ ಹಿಟ್ಟು, ತುದಿಗೆ ಕೆಂಪು ಬಾಲ. ಆ ಬಾಲವನ್ನೇ ಹಿಡಿದು ಸಾಸಿನಲ್ಲಿ ಅದ್ದಿ ಕಚ್ಚಿದರೆ ಮೇಲೆ ಗರಿಗರಿ, ಒಳಗೆ ಮೆತ್ತಗೆ. ಹುಟ್ಟಿದಾಗಿನಿಂದ ಎಣ್ಣೆಗಾಯಿಯ ಮುಂದೆ ಇನ್ನೊಂದಿಲ್ಲ ಎಂದು ನಂಬಿದ್ದ ರುದ್ರೇಶನಿಗೆ ಅಂದು ಭೂಮಿ ಕೊಂಚ ವಾಲಿದಂತಾಯಿತು. ಇನ್ನೊಂದನ್ನು ಬಾಯಿಗಿಡುವಷ್ಟರಲ್ಲಿ ಪಕ್ಕದ ಮೇಜಿನಿಂದ "ಏನೋ ರುದ್ರ್ಯಾ, ನೀ ಇಲ್ಲಿ?" ಎಂಬ ದನಿ ಕೇಳಿತು. ಅವನ ಸೋದರಮಾವ! ಮಾವ ತಾನು ಗೋಬಿ ಮಂಚೂರಿ ತಿನ್ನಲು ಹೋಗಿದ್ದೆನೆಂದು ಇವತ್ತಿಗೂ ಹೇಳುತ್ತಾನೆ.

ರುದ್ರೇಶ ಊರು ಸೇರುವ ಮೊದಲೇ ಸುದ್ದಿ ಅಕ್ಕಿಆಲೂರಿನಲ್ಲಿದ್ದ, ಮೀನು ಮಾಂಸ ಮುಟ್ಟದ ಅವನ ಹಿರಿಯರ ಮನೆ ಸೇರಿತ್ತು. ದೇವರ ಜಗಲಿಯ ಮುಂದೆ ಗಲ್ಲ ಗಲ್ಲ ಬಡಿದುಕೊಂಡು ತಪ್ಪಾಯಿತು ಎನ್ನಬೇಕಾಯಿತು. ತಿಂದದ್ದಕ್ಕೆ ಬೈದಿದ್ದರೆ ಅವನು ಮರೆಯುತ್ತಿದ್ದ. "ಕದ್ದು ತಿಂದಾನ" ಎಂದರಲ್ಲ, ಆ ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು.

"ಇನ್ನ ಮ್ಯಾಲೆ ಕದ್ದು ತಿನ್ನೂದಿಲ್ಲ," ಎಂದು ಹೆಂಡತಿ ಸುಧಾರಾಣಿಯ ಮುಂದೆ ಗುಡುಗಿದ. "ತಿಂದ್ರ ನನ್ನ ಮನ್ಯಾಗ, ಹಾಡಹಗಲ, ಕಿಡಕಿ ತಗದು ತಿಂತೇನಿ!"

"ತಿನ್ರಿ," ಎಂದಳು ಸುಧಾರಾಣಿ ಸೀರೆ ಮಡಚುತ್ತ. "ಆದ್ರ ನನ್ನ ಬಾಣಲಿ ಮುಟ್ಟಬ್ಯಾಡ್ರಿ." ಇಷ್ಟು ಹೇಳಿ ಅವಳು ಬಸುರಿ ತಂಗಿಯ ಕುಬಸಕ್ಕೆಂದು ಶಿಗ್ಗಾವಿಯ ಬಸ್ಸು ಹತ್ತಿದಳು.

ನನ್ನ ಮನೆ ಎಂದನೇ ಹೊರತು ಅದು ಬಾಡಿಗೆ ಮನೆ. ಮಾಲೀಕ ಕರಿಬಸಪ್ಪ ಗೋಡೆಗೆ ಗೋಡೆ ಹತ್ತಿಸಿಕೊಂಡು ಪಕ್ಕದಲ್ಲೇ ಇದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಕಾಯಿದೆ. "ನನ್ನ ಮನ್ಯಾಗ ತತ್ತಿ ಸೈತ ಬರಬಾರದು" ಎಂಬುದು ಮೊದಲ ಕಾಯಿದೆ. ಅವನ ತಾಯಿ ವೀರವ್ವ ಇನ್ನೂ ಬಿಗಿ. ಹಿಂದಿನ ಬಾಡಿಗೆದಾರನ ಮನೆಯ ಕೇಕಿನಲ್ಲಿ ಮೊಟ್ಟೆ ಇದೆಯೆಂದು ಹಿತ್ತಲಲ್ಲಿ ಕೂತೇ ಮೂಸಿ ಹೇಳಿದ ಮುದುಕಿ ಆಕೆ.

ಭಾನುವಾರ ಬೆಳಗ್ಗೆ ರುದ್ರೇಶ ಬಸ್‌ಸ್ಟ್ಯಾಂಡಿನ ಹಿಂದೆ ಬರ್ಫದ ಪೆಟ್ಟಿಗೆ ಇಟ್ಟುಕೊಂಡು ಕೂರುವ ಮೀನಿನ ಇನಾಯತನ ಮುಂದೆ ನಿಂತ. ಇನಾಯತ ಸಿಗಡಿಯ ಸಿಪ್ಪೆ ಬಿಡಿಸಿ, ಬೆನ್ನಿನ ಕರಿ ದಾರ ಎಳೆದು, ಬಾಲಕ್ಕೆ ಕೈ ಹಾಕಿದ.

"ಬಾಲ ಇರ್ಲಿ!" ಎಂದು ರುದ್ರೇಶ ಕೂಗಿಕೊಂಡ. "ಅದನ್ನ ಹಿಡ್ಕೊಂಡ ತಿನ್ನೂದು."

"ಹಂಗಾರ ಹೊಟ್ಟಿ ಕಡೆ ಸಣ್ಣಾಗಿ ಗೀರು ಹಾಕ್ಕೊಳ್ರಿ. ಇಲ್ಲಂದ್ರ ಎಣ್ಣ್ಯಾಗ ಬಿದ್ದ ಕೂಡ್ಲೆ ಚಕ್ಕುಲಿ ಆಗ್ತಾವು," ಎಂದು ಇನಾಯತ ಅದನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ, ಕರಿ ಚೀಲದಲ್ಲಿ ಹಾಕಿ, ಮೇಲೊಂದು ಮೆಂತ್ಯದ ಸಿವುಡು ಇಟ್ಟ.

"ಮೆಂತ್ಯೆ ಯಾಕೋ?"

"ನಿಮ್ಮ ಓಣಿಯವ್ರಿಗೆ ಹಿಂಗ ಕಟ್ಟಿ ಕೊಟ್ಟು ರೂಢಿ ಆಗೇತ್ರಿ."

"ನಮ್ಮ ಓಣ್ಯಾಗ ಯಾರು ತಗೊಂತಾರ?"

ಇನಾಯತ ಆಕಾಶ ನೋಡಿ, "ಇವತ್ತ ಮಳಿ ಬರ್ಬಹುದೇನ್ರಿ?" ಎಂದ.

ರುದ್ರೇಶ ಮೆಂತ್ಯವನ್ನು ಅವನಿಗೇ ತಿರುಗಿ ಕೊಟ್ಟು, ಎದೆ ಸೆಟೆಸಿಕೊಂಡು ಹೊರಟ. ಓಣಿಯ ತಿರುವು ಬಂದಾಗ ಮಾತ್ರ ಎದೆ ತನ್ನಷ್ಟಕ್ಕೆ ಒಳಗೆ ಹೋಗಿ, ಚೀಲ ಅಂಗಿಯೊಳಗೆ ಹೋಯಿತು. ಮನೆ ಮುಟ್ಟಿದ ಮೇಲೆ ಅದಕ್ಕಾಗಿ ತನ್ನನ್ನೇ ಬೈದುಕೊಂಡು, ಅಡುಗೆಮನೆಯ ಕಿಟಕಿಯ ಎರಡೂ ಬಾಗಿಲನ್ನು ದಢಾರನೆ ತೆರೆದಿಟ್ಟ.

ಹೊಸ ಬಾಣಲೆ ತಂದಿದ್ದ. ಊರ ತುಂಬ ಗೋವಿನಜೋಳದ ರಾಶಿ ಇದ್ದರೂ ಕಾರ್ನ್‌ಫ್ಲೋರ್ ಪ್ಯಾಕೆಟ್ಟಿಗೆ ಪೇಟೆಯನ್ನೆಲ್ಲ ಅಲೆದಿದ್ದ. ಮೊಬೈಲಿನ ವಿಡಿಯೋದಲ್ಲಿ ಒಬ್ಬಳು ಹೇಳಿದಂತೆ ಮೈದಾ, ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್, ಮೆಣಸಿನಪುಡಿ ಸೇರಿಸಿ, ಬರ್ಫದಷ್ಟು ತಣ್ಣಗಿನ ನೀರು ಹಾಕಿ ಕಲೆಸತೊಡಗಿದ. ಕಿವಿ ವಿಡಿಯೋದ ಕಡೆಗಿತ್ತು. ಕೈ ಮಾತ್ರ ಧಾರವಾಡ ಸೀಮೆಯದು. ಹಿಟ್ಟು ಕಲೆಸುವಾಗ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ತಾನಾಗಿ ಗೂಡಿನ ಅಜವಾನದ, ಅಂದರೆ ಓಂಕಾಳಿನ, ಡಬ್ಬಿ ತೆಗೆದು, ಒಂದು ಹಿಡಿ ಅಂಗೈಯಲ್ಲಿ ಹಾಕಿ, ಗಸಗಸ ತಿಕ್ಕಿ ಹಿಟ್ಟಿಗೆ ಉದುರಿಸಿಬಿಟ್ಟಿತು. ರುದ್ರೇಶ ಎಚ್ಚರಾಗಿ ನೋಡುವಾಗ ಕಾಳುಗಳು ಹಿಟ್ಟಿನಲ್ಲಿ ತೇಲುತ್ತಿದ್ದವು.

"ಬಿದ್ರ ಬಿದ್ದಾವು ತಗೋ," ಎಂದು ಮೊದಲ ಸಿಗಡಿಯನ್ನು ಬಾಲ ಹಿಡಿದು ಅದ್ದಿ ಎಣ್ಣೆಗೆ ಬಿಟ್ಟ. ಹಿಟ್ಟು ಬುಸ್ಸನೆ ಉಬ್ಬಿ ಬಂಗಾರವಾಯಿತು. ಹೋಟೆಲ್ಲಿನದೇ! ಅವನ ಕಣ್ಣಲ್ಲಿ ನೀರು ಬಂತು. ಎಲ್ಲ ಕರಿದಾದ ಮೇಲೆ ನೆಮ್ಮದಿಯಾಗಿ ಕೂತು ತಿನ್ನಬೇಕೆಂದು ಒಂದನ್ನೂ ಬಾಯಿಗಿಡದೆ ತಟ್ಟೆ ತುಂಬಿಸುತ್ತ ಹೋದ.

ಆದರೆ ಕಾದ ಎಣ್ಣೆಯಲ್ಲಿ ಅಜವಾನದ ಹಿಟ್ಟು ಬಿದ್ದ ವಾಸನೆಗೆ ಈ ಸೀಮೆಯಲ್ಲಿ ಒಂದೇ ಅರ್ಥ: ಮಿರ್ಚಿ, ಅಂದರೆ ಮೆಣಸಿನಕಾಯಿ ಭಜಿ. ಆ ವಾಸನೆ ತೆರೆದ ಕಿಟಕಿಯಿಂದ ಹೊರಬಿದ್ದು ಮನೆಮನೆಯ ಕದ ತಟ್ಟಿತು. ಎದುರುಮನೆಯ ಯಮುನಾಬಾಯಿ ಕಿಟಕಿಯಲ್ಲಿ ಪ್ರತ್ಯಕ್ಷರಾದರು. ನಿವೃತ್ತ ಕನ್ನಡಶಾಲೆ ಮಾಸ್ತರಿಣಿ, ಚಾತುರ್ಮಾಸದಲ್ಲಿ ಉಳ್ಳಾಗಡ್ಡಿಯ ಹೆಸರನ್ನೂ ಎತ್ತದ ಹೆಂಗಸು.

"ಏನ್ ರುದ್ರೇಶ, ಮಿರ್ಚಿ ಮಾಡ್ಲಿಕ್ಹತ್ತೀರೇನು? ವಾಸನಿ ನಮ್ಮ ದೇವರಮನಿತನಕ ಬಂದದ!"

ಇದೇ ಗಳಿಗೆಗಾಗಿ ಅವನು ತಿಂಗಳಿಂದ ಮಾತು ಜೋಡಿಸಿಟ್ಟಿದ್ದ. ಬಾಯಿ ತೆರೆದ. ಬಂದದ್ದು ಬೇರೆಯೇ.

"ಹೌದ್ರಿ ಅಕ್ಕೋರ. ಮಿರ್ಚಿ."

ನಾಲಿಗೆಯನ್ನು ಕಚ್ಚಿಕೊಂಡರೂ ಹೊತ್ತು ಮೀರಿತ್ತು. ಯಮುನಾಬಾಯಿ ತರಗತಿಗೆ ಕೇಳುವಂಥ ದನಿಯಲ್ಲಿ "ಕರಿಬಸಪ್ಪಾ, ರುದ್ರೇಶನ ಮನ್ಯಾಗ ಮಿರ್ಚಿ!" ಎಂದು ಸಾರಿದರು. ಕರಿಬಸಪ್ಪ ಒಂದು ಮೊರದ ತುಂಬ ಮಂಡಕ್ಕಿ ಹಿಡಿದುಕೊಂಡೇ ಬಂದ. ಪಡಸಾಲೆಯಲ್ಲಿ ಪೇಪರು ಹಾಸಿ, ಮಂಡಕ್ಕಿ ಸುರಿದು, ಎಣ್ಣೆ, ಖಾರಪುಡಿ, ಪುಟಾಣಿ ಕಡಲೆ ಕಲೆಸಿ, ಚಕ್ಕಳಮಕ್ಕಳ ಹಾಕಿ ಕೂತ.

"ತಾರಪಾ ರುದ್ರೇಶ, ಬಿಸಿ ಬಿಸಿ ಇರ್ಲಿ!"

"ಭಾಳ ಖಾರ ಅದಾವ್ರಿ, ಸಾವ್ಕಾರ್ರ," ಎಂದ ರುದ್ರೇಶ ಒಳಗಿನಿಂದ.

"ಖಾರ ಇಲ್ಲದ್ದು ಅದೆಂಥಾ ಮಿರ್ಚಿ? ತಾ."

"ಹಿಟ್ಟು ಕೆಟ್ಟೇತ್ರಿ. ಹೊಟ್ಟಿ ಹಿಡ್ಕೊಂತೈತಿ."

"ನಂದು ಕಲ್ಲು ಕರಗಿಸೋ ಹೊಟ್ಟಿ. ನೀ ತಾ."

ಹಿತ್ತಲಿನಿಂದ ಹಾರಿ ಬೀದಿಯ ತಳ್ಳುಗಾಡಿಯವನ ಹತ್ತಿರ ನಿಜವಾದ ಮಿರ್ಚಿ ಕಟ್ಟಿಸಿಕೊಂಡು ಬರಲೇ ಎಂದು ಹಿಂಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ವೀರವ್ವ ಕಾಲು ಚಾಚಿ ಕೂತಿದ್ದಳು. ಮೂಗನ್ನು ಗಾಳಿಗೆ ಒಡ್ಡಿ, ಕಣ್ಣು ಮುಚ್ಚಿಕೊಂಡು, "ಎಲ್ಲಿಗ್ಹೊಂಟಿಯೋ ಯಪ್ಪಾ? ಬಾಣಲ್ಯಾಗ ಹೊತ್ತೀತು," ಎಂದಳು. ರುದ್ರೇಶ ಬಾಗಿಲು ಹಾಕಿದ.

ತಿರುಗಿದರೆ ಯಮುನಾಬಾಯಿ ಅಡುಗೆಮನೆಯೊಳಗೇ ಇದ್ದರು. ತಟ್ಟೆಯ ಮೇಲೆ ಬಾಗಿ, ಕನ್ನಡಕ ಸರಿಮಾಡಿಕೊಂಡು ಪರೀಕ್ಷೆಯ ಪೇಪರು ನೋಡುವಂತೆ ನೋಡಿದರು.

"ತೊಟ್ಟು ಯಾಕ ಕೆಂಪಗದ?"

"ಬ್ಯಾಡಗಿ ಮೆಣಸಿನಕಾಯಿರಿ."

"ಒಣಮೆಣಸಿನಕಾಯಿದು ಮಿರ್ಚಿ ಯಾರರೆ ಮಾಡ್ತಾರೇನು? ಇರ್ಲಿ, ಹೊಸ ಪದ್ಧತಿ. ನಮ್ಮನಿಯವರಿಗೆ ಮಿರ್ಚಿ ಅಂದ್ರ ಜೀವ. ಎರಡು ಒಯ್ತೀನಿ."

ಅವರು ಎರಡು ಬಾಲಗಳನ್ನು ಹಿಡಿದು ಎತ್ತಿಯೇಬಿಟ್ಟರು. ರುದ್ರೇಶನ ಕಣ್ಣ ಮುಂದೆ ಅವರ ಯಜಮಾನರು ಜಯತೀರ್ಥರು ಸುಳಿದರು. ದಿನಾ ಬೆಳಗ್ಗೆ ಮಡಿಯಲ್ಲಿ ತುಳಸಿಕಟ್ಟೆ ಸುತ್ತುವ ಬಡಕಲು ಜೀವ. ಸುಮ್ಮನಿದ್ದರೆ ರುದ್ರೇಶ ಬಚಾವು. ಮನೆ ಉಳಿಯುತ್ತದೆ, ಮಾನ ಉಳಿಯುತ್ತದೆ. ಆದರೆ ಇನ್ನೊಬ್ಬರಿಗೆ ಮೋಸದಿಂದ ತಿನ್ನಿಸಿ ತಾನು ಧೈರ್ಯವಂತ ಎಂದುಕೊಂಡರೆ ಆ ಧೈರ್ಯಕ್ಕೆ ಬೆಂಕಿ ಹಾಕಬೇಕು.

"ಇಡ್ರಿ ಅಕ್ಕೋರ, ಕೆಳಗಿಡ್ರಿ!" ಎಂದು ಸೂರು ಹಾರುವಂತೆ ಕೂಗಿದ. "ಅದು ಮಿರ್ಚಿ ಅಲ್ಲ! ಸಿಗಡಿ! ಸಮುದ್ರದ್ದು!"

ಯಮುನಾಬಾಯಿಯ ಕೈಯಿಂದ ಎರಡೂ ತಟ್ಟೆಗೆ ಬಿದ್ದವು. ಪಡಸಾಲೆಯಲ್ಲಿ ಮಂಡಕ್ಕಿ ಅಗಿಯುವ ಸದ್ದು ನಿಂತಿತು. ಒಮ್ಮೆ ಹೇಳಿದ ಮೇಲೆ ರುದ್ರೇಶನಿಗೆ ಮೈ ಹಗುರಾಯಿತು. ಜೋಡಿಸಿಟ್ಟ ಮಾತೆಲ್ಲ ಈಗ ಸಾಲಾಗಿ ಬಂದವು.

"ಹೌದು, ನಾನ ಮಾಡೇನಿ! ಯಾರದೂ ಕದ್ದಿಲ್ಲ, ಯಾರಿಗೂ ತಿನಸಿಲ್ಲ. ಬಾಣಲಿ ನಂದು, ಎಣ್ಣಿ ನಂದು, ಹಲ್ಲೂ ನಂದು! ಗಲ್ಲ ಬಡ್ಕೊಳ್ಳೂದು ಒಂದ ಸಲ ಆತು, ಇನ್ನ ಇಲ್ಲ. ಕಿಡಕಿ ತಗದೇನಿ, ನೋಡೋರು ನೋಡ್ರಿ!"

"ಉಳಿಸಿದಿ ಮಹಾರಾಯಾ," ಎಂದು ಯಮುನಾಬಾಯಿ ಕೈಮುಗಿದು, ಕೈ ತೊಳೆದುಕೊಂಡು, ಮನೆ ಮುಟ್ಟುವ ಮೊದಲೇ ಮೊಬೈಲು ಕಿವಿಗೆ ಹಚ್ಚಿದರು.

ಕರಿಬಸಪ್ಪನ ವಿಭೂತಿ ಹಣೆಯ ಸುಕ್ಕಿನಲ್ಲಿ ಮೂರು ತುಂಡಾಯಿತು. "ನಾಳಿಗೆ ಮನಿ ಖಾಲಿ ಮಾಡು," ಎಂದ.

"ನಾಳಿಗ್ಯಾಕ್ರಿ, ಸಂಜಿಗ ಮಾಡ್ತೇನಿ!"

"ಮಾಡು. ಆದ್ರ ಓಣಿ ಹಿರೇರಿಗೆ ತೋರ್ಸಾಕ ನನಗ ಸಾಕ್ಷಿ ಬೇಕು." ಹಾಗೆಂದವನೇ ಕಟ್ಟೆಯ ಮೇಲಿದ್ದ ಸುಧಾರಾಣಿಯ ಸ್ಟೀಲ್ ಡಬ್ಬಿಗೆ ತಟ್ಟೆಯಲ್ಲಿದ್ದದ್ದನ್ನೆಲ್ಲ ಸುರಿದು, ಮುಚ್ಚಳ ಬಿಗಿದು, ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ನಡೆದ.

"ಒಂದರೆ ಬಿಡ್ರಿ!" ಎಂದು ರುದ್ರೇಶ ಬೆನ್ನು ಹತ್ತಿದ. ಬಾಗಿಲು ಹಾಕಿಕೊಂಡಿತು. ತಿಂಗಳಿಡೀ ಕನಸಿದ್ದು ಒಂದು ಚೂರೂ ನಾಲಿಗೆಗೆ ಸೋಕಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು.

ಶಿಗ್ಗಾವಿಯಿಂದ ಫೋನು ಬಂತು. "ಎಲ್ಲಾ ಕೇಳೇನಿ," ಎಂದಳು ಸುಧಾರಾಣಿ. "ಬಾಣಲಿ ಯಾವುದು?"

"ಹೊಸಾದು."

"ಡಬ್ಬಿ?"

ರುದ್ರೇಶ ಖಾಲಿ ಕಟ್ಟೆಯ ಕಡೆ ನೋಡಿದ. ಅವಳು ಫೋನು ಕುಕ್ಕಿದಳು.

ಆದರೂ ಅವನು ಬಗ್ಗಲಿಲ್ಲ. ಮಧ್ಯಾಹ್ನವೆಲ್ಲ ಹಾಸಿಗೆ ಸುತ್ತಿ, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ಓಣಿಗೆಲ್ಲ ಕೇಳುವಂತೆ ಧಡಧಡ ಅಂಗಳಕ್ಕೆ ತಂದಿಟ್ಟ. ಬೀದಿಗೆ ಬಿದ್ದರೂ ಸರಿ, ಕ್ಷಮೆ ಕೇಳಲಾರೆ ಎಂದು ಗೋಡೆಗೆ ಹೇಳಿದ. ತಾನು ಇಷ್ಟು ಗಟ್ಟಿ ಎಂದು ಅವನಿಗೇ ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಮೆಲ್ಲಗೆ ಬಡಿಯಿತು. ಕರಿಬಸಪ್ಪ ಒಳಗೆ ನುಸುಳಿ ಚಿಲಕ ಹಾಕಿದ. ಕೈಯಲ್ಲಿ ಬೆಳಗಿದ ಸ್ಟೀಲ್ ಡಬ್ಬಿ ಇತ್ತು.

"ಹಿರೇರು ಏನಂದ್ರು?" ಎಂದು ರುದ್ರೇಶ ಸೆಟೆದು ಕೇಳಿದ.

"ಹಿರೇರತನಕ ಹೋಗಲಿಲ್ಲೋ ತಮ್ಮಾ. ಮೊದಲು ಅವ್ವಗ ತೋರ್ಸಿದ್ನಿ, ಎಂಥಾ ಪಾಪ ನೋಡವಾ ಅಂತ. ಅವ್ವ ನೋಡಿದ್ಲು. ನಾನೂ ನೋಡ್ದೆ. ಒಂದೊಂದ ನೋಡ್ಕೋತ ನೋಡ್ಕೋತ ಸಾಕ್ಷಿ ಮುಗದು ಹೋತು."

ರುದ್ರೇಶ ಡಬ್ಬಿ ನೋಡಿದ, ಕರಿಬಸಪ್ಪನ ಮುಖ ನೋಡಿದ.

"ಮನಿ ಖಾಲಿ ಮಾಡೂದೇನೂ ಬ್ಯಾಡ. ನಾಳಿಗೆ ಓಣ್ಯಾಗ ನಾಲ್ಕು ಮಂದಿ ಮುಂದ ತಪ್ಪಾತು ಅಂದಬಿಡು, ನಾನೂ ದೊಡ್ಡ ಮನಸ್ಸು ಮಾಡಿ ಬಿಟ್ಟೇನಿ ಅಂತೇನಿ. ತಗೋ ನಿನ್ನ ಡಬ್ಬಿ. ಪರರ ಪಾತ್ರೆ ಖಾಲಿ ಕೊಡಬಾರದು ಅಂದಾಳ ಅವ್ವ."

ಈ ಕಡೆಯ ಹಳೇ ಪದ್ಧತಿ ಅದು. ಡಬ್ಬಿ ವಾಪಸು ಬಂದರೆ ಒಳಗೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ರುದ್ರೇಶ ಮುಚ್ಚಳ ತೆಗೆದ. ಒಳಗೆ ಹಸಿ ಸಿಗಡಿ ಒತ್ತೊತ್ತಾಗಿ ಮಲಗಿದ್ದವು. ಸಿಪ್ಪೆ ಬಿಡಿಸಿ, ಕರಿ ದಾರ ಎಳೆದು, ಹೊಟ್ಟೆಗೆ ಗೀರು ಹಾಕಿತ್ತು. ಪಳಗಿದ ಕೈಯ ಕೆಲಸ. ಎಲ್ಲದಕ್ಕೂ ಬಾಲ ಇತ್ತು. ಬದಿಗೆ ಮೆಂತ್ಯದ ಒಂದು ಎಸಳು ಅಂಟಿಕೊಂಡಿತ್ತು.

"ಇಷ್ಟು ದಿನ ಅವ್ವ ಸಾರ ಮಾಡ್ತಿದ್ಲು. ಹಿಂಗ ಕರೀಬಹುದಂತ ಗೊತ್ತಿರಲಿಲ್ಲ," ಎಂದು ಕರಿಬಸಪ್ಪ ಕಿಟಕಿಯ ಬಾಗಿಲುಗಳನ್ನು ತಾನೇ ಎಳೆದು ಹಾಕಿದ. "ಈಗ ಕರದು ಕೊಡು. ಇನ್ನ ಮ್ಯಾಲೆ ಐತವಾರಕ್ಕೊಮ್ಮೆ. ಕಿಡಕಿ ಹಾಕ್ಕೊಂಡು ಮಾಡು. ಅಜವಾನ ಮರೀಬ್ಯಾಡ, ಓಣಿಯವ್ರಿಗೆ ಮಿರ್ಚಿ ಅನಸ್ಬೇಕು."

ರುದ್ರೇಶ ಮುಚ್ಚಿದ ಕಿಟಕಿ ನೋಡಿದ, ಅಂಗಳದಲ್ಲಿ ಕಟ್ಟಿಟ್ಟ ಗಂಟು ನೆನೆದ. ಕೊನೆಯ ಹಟ ಒಂದು ಉಳಿದಿತ್ತು.

"ಮಾಡ್ತೇನಿ. ಆದ್ರ ಮೊದಲನೇದು ನಾ ತಿನ್ನಾಂವ!"

ಕರಿಬಸಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, ತನಗೂ ಬೇಸರವೇ ಎಂಬಂತೆ ನಿಟ್ಟುಸಿರು ಬಿಟ್ಟ.

"ಆಗೂದಿಲ್ಲಪಾ. ಅವ್ವ ಎಣಿಸಿ ಕಳ್ಸ್ಯಾಳ."