ಬೋರಲು ತಟ್ಟೆಯ ರಾಣಿ

ಗಂಡ ತೀರಿಕೊಂಡು ಎಂಟು ತಿಂಗಳಾದ ಮೇಲೆ ದುರುಗವ್ವನಿಗೆ ಸುದ್ದಿ ಬಂತು. ಅವನು ಹಂಪಿಯಲ್ಲಿ ಇನ್ನೂ ಮಾತಾಡುತ್ತಿದ್ದಾನಂತೆ.

ಸುದ್ದಿ ತಂದವಳು ಪಕ್ಕದ ಮನೆಯ ಜಂಬವ್ವ. ಕಮಲಾಪುರದಿಂದ ದಿನಾ ಬಾಳೆಹಣ್ಣಿನ ಬುಟ್ಟಿ ತೆಗೆದುಕೊಂಡು ಹಂಪಿಗೆ ಹೋಗುವವಳು. ಹೋಗುವಾಗ ಬುಟ್ಟಿಯಲ್ಲಿ ಹಣ್ಣು, ಬರುವಾಗ ಸುದ್ದಿ. ಖಾಲಿ ಬುಟ್ಟಿ ಹೊತ್ತು ಬಂದದ್ದನ್ನು ಊರು ನೋಡಿಲ್ಲ.

“ದುರುಗಕ್ಕಾ, ನಿನ್ನ ಗಂಡ ಮಾತಾಡಾಕತ್ತಾನಬೇ ಅಲ್ಲಿ.”

ದುರುಗವ್ವ ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಸತ್ತಾನ. ಮಾತಾಡಂಗಿಲ್ಲ.”

“ಅಯ್ಯ, ಅದು ನನಗ ಗೊತ್ತಿಲ್ಲೇನು? ಲಿಂಗರಾಜ್ ಅದಾನಲ್ಲ, ನಿನ್ನ ಗಂಡನ ಹಿಂದಿಂದ ನೀರಿನ ಬಾಟ್ಲಿ ಹಿಡ್ಕಂಡು ಗೈಡ್ ಕೆಲಸ ಕಲಿತನಲ್ಲ, ಆತನ ಬಾಯಾಗ ಮಾತಾಡಾಕತ್ತಾನ. ಅದ ದನಿ. ಅದ ಕೆಮ್ಮು. ಹಿಂದ ಕೈ ಕಟ್ಟೋದೂ ಅದ. ನಾ ಬುಟ್ಟಿ ಇಳಿಸುವಾಗ ಬೆನ್ನ ಹಿಂದ ಕೇಳಿ, ‘ಏನಪಾ ಹನುಮಣ್ಣ, ಆರಾಮಿದ್ದೀ?’ ಅಂದುಬಿಟ್ಟೆ. ತಿರುಗಿ ನೋಡಿದ್ರ ಈತ. ಮೈ ಝುಂ ಅಂತು ನೋಡು.”

ಈಗ ಕೈ ನಿಂತಿತು.

ಹನುಮಣ್ಣ ಮೂವತ್ತೆರಡು ವರ್ಷ ಹಂಪಿಯಲ್ಲಿ ಗೈಡ್ ಆಗಿದ್ದವನು. ಕಲ್ಲು ತೋರಿಸುವುದು, ಕಥೆ ಹೇಳುವುದು. ಹೊರಗೆ ಅಷ್ಟು ಮಾತಾಡಿ ಬಂದು ಮನೆಯಲ್ಲೂ ಮಾತಾಡುತ್ತಿದ್ದ. “ಬಾಯಿಗೆ ಒಂದು ಬೀಗ ಮಾಡಿಸ್ರಿ” ಎಂದು ದುರುಗವ್ವ ವಾರಕ್ಕೆರಡು ಸಲವಾದರೂ ಅನ್ನುತ್ತಿದ್ದಳು. ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಕುಳಿತವನು ಹಾಗೆಯೇ ಒರಗಿದ. ಎದೆ ಎಂದರು ಡಾಕ್ಟರು. ಅಂದಿನಿಂದ ಮನೆಯಲ್ಲಿ ಬೀಗವೇ ಬೀಗ. ಕುಕ್ಕರು ಸೀಟಿ ಹಾಕಿದರೆ ಯಾರೋ ಬಂದಂತೆ ಅವಳು ಎದ್ದು ನಿಲ್ಲುತ್ತಿದ್ದಳು.

ಅಂಥ ಬಾಯಿಯನ್ನು ಒಬ್ಬ ಕದ್ದಿದ್ದಾನೆ! ಮಡಚಿಟ್ಟ ಕೊಡೆ ತೆಗೆದಳು. ಧರ್ಮಯುದ್ಧಕ್ಕೆ ಹೊರಟಳು.

(ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಹನುಮಣ್ಣ ಗೈಡ್ ಆಗಿ ಹೇಳಿದ ಕಥೆಗಳಲ್ಲಿ ಒಂದನ್ನೂ ದುರುಗವ್ವ ಒಂದು ಸಲವೂ ಕೇಳಿದವಳಲ್ಲ. “ಒಂದು ದಿನ ಬಾರಬೇ, ಹೆಂಗ ಹೇಳ್ತೀನಿ ನೋಡು” ಎಂದು ಅವನು ಕರೆದಾಗಲೆಲ್ಲ “ಮನ್ಯಾಗ ಹೇಳೋ ಸುಳ್ಳು ಸಾಲದೇನು? ಅಲ್ಲೀತನಕ ಬಂದು ಬ್ಯಾರೆ ಕೇಳಬೇಕಾ?” ಎಂದು ಕಳಿಸುತ್ತಿದ್ದಳು. ಕೇಳದ ಕಥೆಯನ್ನು ಬಿಡಿಸಿಕೊಂಡು ಬರಲು ಹೊರಟ ಮೊದಲ ವೀರಮಹಿಳೆ ಅವಳೇ ಇರಬೇಕು.)

ಲಿಂಗರಾಜ್ ಕಾಲುವೆಯ ಹತ್ತಿರ ಸಿಕ್ಕ. ಹಳೆಯ ಕಾಲದವರು ಊಟಕ್ಕೆ ಕೂರುತ್ತಿದ್ದರೆನ್ನುವ ಕಲ್ಲಿನ ತಟ್ಟೆಗಳು ಅಲ್ಲಿ ಸಾಲಾಗಿವೆ. ಸಾಲಿನಿಂದ ದೂರ ಒಂದೇ ಒಂದು ತಟ್ಟೆ ಬೋರಲು ಬಿದ್ದಿದೆ. ಅದಕ್ಕೆ ಇಲಾಖೆಯವರು ಫಲಕ ಹಾಕಿಲ್ಲ. ಫಲಕವಿಲ್ಲದ ಕಲ್ಲೆಂದರೆ ಗೈಡುಗಳಿಗೆ ತವರುಮನೆ.

“ಏನಲೇ ಲಿಂಗರಾಜ್! ಸತ್ತೋರ ಅಂಗಿ ಹಾಕ್ಕಳೋರನ್ನ ನೋಡೀನಿ. ಸತ್ತೋರ ಬಾಯಿ ಹಾಕ್ಕಂಡೋನು ನೀನ ಮೊದಲ.”

“ಅಕ್ಕಾ! ಬರ್ರಿ, ಕುಂದ್ರಿ, ನೀರು ಕುಡೀರಿ.”

“ನೀರು ಬ್ಯಾಡ. ನನ್ನ ಗಂಡನ ಕಥಿ ವಾಪಸ್ ಕೊಡು.”

“ಯಾವ ಕಥಿ ಅಕ್ಕಾ?”

ದುರುಗವ್ವ ಕೈಯಲ್ಲಿದ್ದ ಕೊಡೆಯನ್ನು ಚೀಲಕ್ಕೆ ತುರುಕಿದಳು.

“ಅಣ್ಣ ನಲವತ್ತು ಕಥಿ ಕೊಟ್ಟಾನ. ಯಾವುದು ಹೇಳಬ್ಯಾಡ ಅಂತೀರಿ ಹೇಳ್ರಿ, ಇವತ್ತ ಬಿಟ್ಟುಬಿಡ್ತೀನಿ. ನಿಮ್ಮಾಣಿ.”

“ಅದು... ನೀನ ಹೇಳ್ತಾ ಹೋಗು. ಬ್ಯಾಡ ಅನ್ನೋದು ಬಂದಾಗ ಬ್ಯಾಡ ಅಂತೀನಿ.”

ಅಷ್ಟರಲ್ಲಿ ದಾವಣಗೆರೆಯಿಂದ ಬಂದ ಹತ್ತು ಹನ್ನೆರಡು ಮಂದಿ ಸುತ್ತ ನಿಂತರು. ಮುಂದೆ ದೊಡ್ಡ ಟೊಪ್ಪಿಗೆಯ ಒಬ್ಬ ಹೆಂಗಸು. ಟೊಪ್ಪಿಗೆಯ ನೆರಳಲ್ಲಿ ಅವಳ ಗಂಡನೂ ನಿಂತಿದ್ದ. ಲಿಂಗರಾಜ್ ಹಿಂದೆ ಕೈ ಕಟ್ಟಿದ. ಒಮ್ಮೆ ಕೆಮ್ಮಿದ.

ದುರುಗವ್ವನ ಕೈ ತಾನಾಗಿ ಚೀಲದೊಳಗೆ ಹೋಯಿತು. ಗಂಡನ ಕೆಮ್ಮಿಗೆ ದಿನಾ ಕೊಡುತ್ತಿದ್ದ ಕಷಾಯದ ಲೋಟ ಹುಡುಕಿತು. ಚೀಲದಲ್ಲಿ ಕೊಡೆ ಮಾತ್ರ ಇತ್ತು.

“ಇದು ಪುಸ್ತಕದಾಗಿಲ್ರಿ,” ಎಂದಿತು ಹನುಮಣ್ಣನ ದನಿ, ಲಿಂಗರಾಜನ ಗಂಟಲಿನಿಂದ. “ಯಾಕಂದ್ರ ಪುಸ್ತಕ ಬರೆಯೋರಿಗೂ ಮನ್ಯಾಗ ಹೆಂಡ್ರು ಇರ್ತಾರ. ಒಬ್ಬ ರಾಜ. ಹೊಸದಾಗಿ ಲಗ್ನ ಆಗ್ಯಾದ. ರಾಣಿ ಕಂಪ್ಲಿಯಾಕಿ.”

ಕಂಪ್ಲಿಯವಳಾದ ದುರುಗವ್ವನಿಗೆ ಇದು ಹಿಡಿಸಿತು. ಹೋಗಲಿ, ನಮ್ಮ ಊರಿಗೊಂದು ಮರ್ಯಾದೆ ಕೊಟ್ಟಿದ್ದಾನೆ.

“ರಾಣಿ ನೋಡಾಕ ಲಕ್ಷ್ಮಿ. ಸಿಟ್ಟು ಬಂದ್ರ ಬಳ್ಳಾರಿ ಬಿಸಿಲು. ಸಿಟ್ಟು ಬರೋ ಮುಂಚೆ ಒಂದು ಗುರುತು. ಸೆರಗು ತಗದು ಸೊಂಟಕ್ಕ ಸಿಗಿಸ್ತಾಳ.”

ದುರುಗವ್ವ ಸೊಂಟಕ್ಕೆ ಸಿಗಿಸಿದ್ದ ಸೆರಗನ್ನು ಮೆಲ್ಲಗೆ ಬಿಡಿಸಿದಳು.

“ಒಂದಿನ ರಾಣಿ ರಾಜನ ಸಲುವಾಗಿ ಪುಂಡಿಪಲ್ಯ ಮಾಡಿದ್ಲು. ಬಿಸಿ ರೊಟ್ಟಿ ಬಡಿದ್ಲು. ಮಧ್ಯಾಹ್ನ ಆತು, ರಾಜ ಬರಲಿಲ್ಲ. ಇಳಿಹೊತ್ತಾತು, ಬರಲಿಲ್ಲ. ಪಾಪ, ರಾಜಂಗ ರಾಜ್ಯದ ಕೆಲಸ. ಓಡೋಡಿ ಬಂದು ನೋಡ್ತಾನ, ಹೊಸ್ತಿಲ ಹೊರಗ ತಟ್ಟಿ ಬೋರಲ ಹಾಕ್ಯಾದ! ಒಳಗಿಂದ ರಾಣಿ ಅಂತಾಳ, ‘ನಿನ್ನ ಹಂಪಿ ನಿನಗ, ನನ್ನ ಒಲಿ ನನಗ!’ ಅವತ್ತು ಬೋರಲಾದ ತಟ್ಟಿರೀ ಇದು.”

ಜನ ಗೊಳ್ಳೆಂದು ನಕ್ಕರು. ದುರುಗವ್ವನ ಕಿವಿ ಬಿಸಿಯಾಯಿತು. ಯಾವ ರಾಣಿ ಪುಂಡಿಪಲ್ಯ ಮಾಡಿದ್ದಳು? ಆ ಮಾತು ಆಡಿದ ಬಾಯಿ ಯಾವುದು? ಮದುವೆಯಾದ ವರ್ಷ, ಕಮಲಾಪುರದ ಬಾಡಿಗೆ ಮನೆಯ ಹೊಸ್ತಿಲು, ತವರಿನಿಂದ ತಂದ ಸ್ಟೀಲ್ ತಟ್ಟೆ. ಮೂವತ್ತು ವರ್ಷದಿಂದ ದೇಶ ವಿದೇಶದ ಜನ ಕ್ಯಾಮೆರಾ ಹಿಡಿದು ಬಂದು ಅವಳ ಮನೆಯ ಜಗಳ ಕೇಳಿಕೊಂಡು ಹೋಗಿದ್ದಾರೆ!

“ಅಬ್ಬಾ, ಎಂಥಾ ಹೆಂಗ್ಸು!” ಎಂದಳು ಟೊಪ್ಪಿಗೆಯವಳು. “ದುಡಿದು ಬಂದ ಗಂಡನ್ನ ಹಂಗಾ ಮಾಡೋದು?”

ಸೆರಗು ಮತ್ತೆ ಸೊಂಟಕ್ಕೆ ಹೋಯಿತು.

“ದುಡಿದಿದ್ದಿಲ್ಲವಾ ಆತ! ಏನೂ ರಾಜ್ಯದ ಕೆಲಸ ಇದ್ದಿಲ್ಲ! ಹೊಸಪೇಟಿಗೆ ಹೋಗಿ ಸಿನಿಮಾ ನೋಡಿ ಬಂದಿದ್ದ!”

ಜನರ ಕತ್ತು ಒಟ್ಟಿಗೇ ಅವಳ ಕಡೆ ತಿರುಗಿತು.

“ರಾಜಾನಾ?” ಎಂದ ಟೊಪ್ಪಿಗೆಯ ಕೆಳಗಿನ ಗಂಡ.

“ರಾಜಾನ! ಮ್ಯಾಟ್ನಿ! ಕಿಸೇದಾಗ ಟಿಕೀಟು ಸಿಕ್ಕಿತ್ತು!”

ಲಿಂಗರಾಜ್ ಒಳ್ಳೆಯ ಗುರುವಿನ ಶಿಷ್ಯ. ಗಾಬರಿಯಾದರೂ ನಾಲಿಗೆ ತಡವರಿಸಲಿಲ್ಲ. “ಇವರು ರಾಣಿ ಮನೆತನದೋರು,” ಎಂದ ಭಕ್ತಿಯಿಂದ. “ಅವರ ಕಡೆ ಇನ್ನೊಂದು ಪಾಠ ಅದ.”

ಜನ ಫೋನು ಎತ್ತಿ ಮನೆತನದವಳ ಫೋಟೋ ತೆಗೆದರು. ದುರುಗವ್ವ “ಬ್ಯಾಡ, ಈ ಕಥಿ ಬ್ಯಾಡ” ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹನುಮಣ್ಣನ ದನಿ ತಗ್ಗಿತು. ಮನೆಯಲ್ಲಿ ಏನಾದರೂ ಒಳ್ಳೆಯ ಮಾತು ಹೇಳುವ ಮುಂಚೆ ಹಾಗೆ ತಗ್ಗುತ್ತಿತ್ತು.

“ರಾಜ ಬೆಪ್ಪಾಗಿ ಬಂದು ಈ ಕಾಲುವಿ ದಂಡಿಮ್ಯಾಲ ಕುಂತ. ಹೊಟ್ಟಿ ಹಸಿದಿತ್ತು. ಹಿಂದ ಬಳಿ ಸಪ್ಪಳ. ತಿರುಗಿ ನೋಡಿದ್ರ ರಾಣಿ. ಸೆರಗಿನಾಗ ಬಿಸಿ ರೊಟ್ಟಿ ಮುಚ್ಚಿಕೊಂಡು ಬಂದಾಳ. ಕೈ ಸುಟ್ಟಾವ, ಆದ್ರ ಹೇಳವಲ್ಲಳು. ‘ತಿನ್ನು’ ಅಂದ್ಲು, ಅಷ್ಟ. ಹಂಗಾಗಿ ತಟ್ಟಿ ಇವತ್ತಿಗೂ ಬೋರಲ ಅದರೀ. ಮತ್ತ ಬೇಕಾಗಲೇ ಇಲ್ಲ ಅದು. ರಾಜ ಆಕಿ ಕೈಯಾಗ ಇಟ್ಕಂಡು ತಿಂದ.”

ಟೊಪ್ಪಿಗೆಯವಳು ಕಣ್ಣೊರೆಸಿಕೊಂಡಳು.

ದುರುಗವ್ವ ಅಂದು ರೊಟ್ಟಿ ಒಯ್ದಿರಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದ್ದಳು. ಅವನು ಅಂಗಡಿಯಲ್ಲಿ ಮಂಡಕ್ಕಿ ತಿಂದು ಬಂದಿದ್ದ. ಮಾರನೇ ದಿನ ಆ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಮನೆಯಲ್ಲಿ ಎತ್ತದವನು ಇಲ್ಲಿಗೆ ಬಂದು ಮೂವತ್ತು ವರ್ಷ, ದಿನಕ್ಕೆ ಮೂರು ಸಲ, ಅವಳ ಕೈಗೆ ರೊಟ್ಟಿ ಕೊಟ್ಟು ಕಳಿಸಿದ್ದಾನೆ.

“ಅಮ್ಮಾ,” ಎಂದಳು ಟೊಪ್ಪಿಗೆಯವಳು, “ನೀವು ಮನೆತನದೋರು. ನಿಮಗೆ ಖರೇ ಗೊತ್ತಿರತ್ತೆ. ರಾಣಿ ರೊಟ್ಟಿ ತಂದಿದ್ದು ನಿಜಾನಾ?”

ಸುಳ್ಳೆಂದರೆ ಆಗದವಳು ದುರುಗವ್ವ. ಮೂವತ್ತೆರಡು ವರ್ಷ ಗಂಡನಿಗೆ ಅದನ್ನೇ ಅಂದವಳು.

“ತಂದ್ಲವಾ,” ಎಂದಳು. ಸೊಂಟದ ಸೆರಗು ಬಿಡಿಸುತ್ತಾ, “ಬೆಣ್ಣಿ ಹಚ್ಚಿ ತಂದ್ಲು.”

ಜನ ಹೋದ ಮೇಲೆ ಲಿಂಗರಾಜ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

“ಬೆಣ್ಣಿ ಚಲೋ ಆತಕ್ಕಾ. ನಾಳಿಂದ ಹಾಕ್ತೀನಿ.”

“ನಾಚಿಕಿ ಇಲ್ಲೇನಲೇ? ಸ್ವಂತದ್ದು ಅಂತ ಒಂದಾದ್ರೂ ಅದ ಏನು ನಿನ್ನ ಹತ್ರ?”

“ಅಣ್ಣನ ಹತ್ರ ಏನಿತ್ತಕ್ಕಾ? ಈ ಕಲ್ಲಿಗೆ ಮೊದಲ ಕುದುರಿ ಕಥಿ ಇತ್ತು, ಅಣ್ಣಗ ಗೈಡ್ ಕೆಲಸ ಕಲಿಸಿದ ವಿರೂಪಾಕ್ಷಪ್ಪ ತಾತಂದು. ಅಣ್ಣ ಕುದುರಿ ಬಿಡಿಸಿ ರಾಣಿನ ಕಟ್ಟಿದ. ಹಿಂದ ಕೈ ಕಟ್ಟೋದು ತಾತಂದ. ಕೆಮ್ಮೂ ತಾತಂದ.”

“ಕೆಮ್ಮು?”

“ಹೂಂ. ಕಥಿ ಶುರು ಮಾಡೋಕ ಮುಂಚೆ ಒಂದು ಕೆಮ್ಮು. ತಾತಗ ದಮ್ಮಿತ್ತು, ಖರೇನ ಕೆಮ್ತಿದ್ದ. ಅಣ್ಣ ಅದನ್ನೂ ಕಲ್ತುಬಿಟ್ಟ.”

ದುರುಗವ್ವ ಚೀಲದಿಂದ ಕೊಡೆ ತೆಗೆದು ನೆಲಕ್ಕೆ ಊರಿದಳು. ಶುಂಠಿ, ಮೆಣಸು, ತುಳಸಿ, ಬೆಲ್ಲ. ದಿನಾ ಬೆಳಗ್ಗೆ ಕುದಿಸಿದ್ದಾಳೆ. ಹೊಸಪೇಟೆಯ ಡಾಕ್ಟರು “ಎದೆಗೂಡು ಸ್ವಚ್ಛ ಅದವ್ವಾ” ಎಂದಾಗ ಅವನಿಗೇ ಓದು ಬರುವುದಿಲ್ಲ ಎಂದು ಬೈದು ಬಂದಿದ್ದಾಳೆ. ಮೂವತ್ತು ವರ್ಷ ಅವಳು ಕುದಿಸಿದ ಕಷಾಯ ವಿರೂಪಾಕ್ಷಪ್ಪನ ಕೆಮ್ಮಿಗೆ!

“ಕುಡಿದನಲ್ಲಲೇ ಅಷ್ಟೂ... ಒಂದು ಮಾತು ಹೇಳಲಿಲ್ಲ.”

“ಭಾಳ ಕಹಿ ಇರ್ತಿತ್ತಂತ. ‘ಕಾಸಿ ಕೊಡ್ತಾಳಲ್ಲ, ಹೆಂಗ ಬಿಡಲಿ’ ಅಂತಿದ್ದ.” ಲಿಂಗರಾಜ್ ನೆಲ ಕೆರೆಯುತ್ತಾ ಅಂದ, “ನಾನೂ ಮೊದಲ ಮೂರು ತಿಂಗಳು ನನ್ನ ದನಿಯಾಗ ಹೇಳಿದ್ನಕ್ಕಾ. ಜನ ಫೋನ್ ನೋಡ್ಕೋತ ನಿಂತ್ರು. ಒಂದಿನ ಬ್ಯಾಸರಾಗಿ ಅಣ್ಣನ ಕೆಮ್ಮು ಕೆಮ್ಮಿದೆ. ಎಲ್ಲಾ ಫೋನ್ ಕೆಳಗಿಳದ್ವು. ಮತ್ತ... ನನಗೂ ಅಣ್ಣ ಬಂದು ನಿಂತಂಗಾತು. ಬ್ಯಾಡ ಅಂದ್ರ ಬಿಡ್ತೀನಿ.”

ದುರುಗವ್ವ ಬೋರಲು ಕಲ್ಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಕಥಿ ಇಟ್ಕೋ. ಕೆಮ್ಮು ಬಿಡು.”

“ಕೆಮ್ಮು ಬಿಟ್ರ ಕಥಿ ಏಳಂಗಿಲ್ಲಕ್ಕಾ.”

“ಹಂಗಾರ ಕೆಮ್ಮು. ಹಾಳಾಗಿ ಹೋಗು.”

ಧರ್ಮಯುದ್ಧ ಇಲ್ಲಿಗೆ ಮುಗಿಯಬೇಕಿತ್ತು. ಎಂಟನೇ ದಿನ ಜಂಬವ್ವನ ಬುಟ್ಟಿ ಮತ್ತೆ ಬಂತು.

“ದುರುಗಕ್ಕಾ, ಈಗ ನಿನ್ನ ದನಿ ಮಾಡಾಕತ್ತಾನಬೇ ಆತ. ಹೆಗಲ ಮ್ಯಾಲಿನ ಟವೆಲ್ ತಗದು ಸೊಂಟಕ್ಕ ಸಿಗಿಸಿ, ‘ಸಿನಿಮಾ ನೋಡಿ ಬಂದಿದ್ದ!’ ಅಂತಾನ. ಜನ ಬಿದ್ದು ಬಿದ್ದು ನಗ್ತಾರ. ಖರೇ ಹೇಳ್ತೀನಿ, ನಿನಗಿಂತ ಚಲೋ ಮಾಡ್ತಾನ.”

“ನನ್ನ ಕೇಳದಂಗ?”

ಅದು ಅವಳ ಮಾತು. ಅವಳ ಜಗಳ. ಅವಳ ಸೊಂಟ. ಸತ್ತವನದ್ದು ಹೋಗಲಿ, ಬದುಕಿದವಳದ್ದನ್ನೂ ಬಿಡುವುದಿಲ್ಲವೆಂದರೆ! ದುರುಗವ್ವ ಎದ್ದಳು. ಎದ್ದವಳು ಕೊಡೆಯ ಕಡೆ ಹೋಗದೆ ಒಲೆಯ ಕಡೆ ಹೋದಳು. ಹಿಟ್ಟು ನಾದಿದಳು, ರೊಟ್ಟಿ ಬಡಿದಳು.

“ಜಗಳಕ್ಕ ಹೊಂಟಾಕಿ ರೊಟ್ಟಿ ಯಾಕಬೇ?” ಎಂದಳು ಜಂಬವ್ವ.

“ಹಸಿದು ಜಗಳ ಆಡಾಕ ಬರಂಗಿಲ್ಲ.”

“ನಾಕು ರೊಟ್ಟಿ? ಬೆಣ್ಣಿ ಬ್ಯಾರೆ?”

“ಸುಮ್ನ ಕುಂದ್ರು.”

ಕಾಲುವೆಯ ಹತ್ತಿರ ಹೋಗುವ ಹೊತ್ತಿಗೆ ಲಿಂಗರಾಜ್ ಟವೆಲ್ ಸಿಗಿಸಿ ನಿಂತಿದ್ದ. ಸುತ್ತ ಮೈಸೂರು ಕಡೆಯ ಒಂದು ಬಸ್ಸಿನಷ್ಟು ಜನ. “ಏನೂ ರಾಜ್ಯದ ಕೆಲಸ ಇದ್ದಿಲ್ಲ!” ಎಂದು ಅವನು ಕಿರುಚಿದ. ದುರುಗವ್ವನಿಗೇ ತಾನು ಎಲ್ಲಿ ನಿಂತಿದ್ದೇನೆಂದು ಒಂದು ಕ್ಷಣ ಗೊಂದಲವಾಯಿತು. ಗುಂಪು ಸೀಳಿಕೊಂಡು ನುಗ್ಗಿದಳು.

“ಲೇ! ನಾನು ಹಂಗ ಅಂದಿಲ್ಲ! ಹಿಂಗ ಅಂದೆ. ಸಿನಿಮಾ ನೋಡಿ ಬಂದಿದ್ದ!”

ಜನ ತಿರುಗಿ ನೋಡಿದರು. ಒಬ್ಬರೂ ನಗಲಿಲ್ಲ. ಕೂಲಿಂಗ್ ಗ್ಲಾಸಿನ ಒಬ್ಬ ಹುಡುಗಿ ಬಹಳ ಪ್ರೀತಿಯಿಂದ ಅವಳ ಭುಜ ಮುಟ್ಟಿದಳು.

“ಅಜ್ಜಿ, ಟ್ರೈ ಮಾಡಿದ್ದು ಚೆನ್ನಾಗಿದೆ. ಆದ್ರೆ ಅವ್ರು ಮಾಡೋ ಥರ ಬರ್ಲಿಲ್ಲ. ಒಂಚೂರು ನ್ಯಾಚುರಲ್ ಆಗಿರ್ಬೇಕು.”

ದುರುಗವ್ವ ಲಿಂಗರಾಜನನ್ನು ನೋಡಿದಳು. ಅವನು ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ.

“ಸೆರಗು, ಅಕ್ಕಾ. ಮೊದಲ ಸೆರಗು ಸಿಗಿಸಬೇಕು. ಮರತ್ರಿ.”

ದುರುಗವ್ವ ರೊಟ್ಟಿಯ ಗಂಟನ್ನು ಬೋರಲು ತಟ್ಟೆಯ ಮೇಲೆ ಇಟ್ಟಳು. ಸೆರಗು ಸಿಗಿಸಿದಳು. ಹಿಂದೆ ಕೈ ಕಟ್ಟಿದಳು. ಮೊದಲಿನಿಂದ ಹೇಳಲು ಶುರು ಮಾಡುವ ಮುಂಚೆ ಒಂದು ಸಲ ಕೆಮ್ಮಿದಳು.