ಗಿರಿಜಮ್ಮನಿಗೆ ಕೊಟ್ಟ ಬೇರೆ ಮಾತ್ರೆ

ಔಷಧಿ ಅಂಗಡಿಯಲ್ಲಿ ಕೂತವನನ್ನು ಊರವರು ಅರ್ಧ ಡಾಕ್ಟರು ಎಂದು ತಿಳಿಯುತ್ತಾರೆ. ಉಳಿದರ್ಧವನ್ನು ಅವನು ತಾನೇ ಸೇರಿಸಿಕೊಳ್ಳುತ್ತಾನೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದ ನಾನೂ ಹಾಗೇ ಇದ್ದೆ. ಯಾರಾದರೂ ‘ಡಾಕ್ಟ್ರೇ’ ಎಂದು ಕರೆದರೆ, ‘ನಾನು ಬರೀ ಫಾರ್ಮಸಿಸ್ಟು’ ಎಂದು ತಿದ್ದಬೇಕೆಂದು ಮನಸ್ಸಿಗೆ ಬರುತ್ತಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ನನ್ನ ಡಿಪ್ಲೊಮಾ ಸರ್ಟಿಫಿಕೇಟು, ಅಂಗಡಿಯ ಲೈಸೆನ್ಸು ಎರಡಕ್ಕೂ ಗಾಜು ಹಾಕಿಸಿ, ಗಿರಾಕಿಗಳ ಕಣ್ಣಿಗೆ ನೇರವಾಗಿ ಬೀಳುವಂತೆ ತೂಗುಹಾಕಿದ್ದೆ. ಲೈಸೆನ್ಸು ಕಾಣುವ ಹಾಗೆ ಇಡಬೇಕೆಂದು ಕಾನೂನೇ ಹೇಳುತ್ತದೆ. ಅದಕ್ಕೆ ಪ್ರತಿದಿನ ಬೆಳಿಗ್ಗೆ ಬಟ್ಟೆ ಹಿಡಿದು ಒರೆಸಬೇಕೆಂದು ಹೇಳುವುದಿಲ್ಲ. ಅದು ನನ್ನದೇ ಸೇರ್ಪಡೆ.

ನನಗೆ ಇದ್ದ ದೊಡ್ಡ ಹೆಮ್ಮೆ ನನ್ನ ಕಪಾಟು. ಮಾತ್ರೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದೆ. ಮೊದಲು ಅವಧಿ ಮುಗಿಯುವ ಸರಕು ಮುಂದೆ, ಆಮೇಲಿನದು ಹಿಂದೆ. ಕಣ್ಣು ಮುಚ್ಚಿ ಕೈ ಚಾಚಿದರೂ ಬೇಕಾದ ಸ್ಟ್ರಿಪ್ ಸಿಗಬೇಕು ಎಂದು ಗಿರಾಕಿಗಳೆದುರು ಜಂಬ ಕೊಚ್ಚುತ್ತಿದ್ದೆ. ಈ ಶಿಸ್ತನ್ನು ಮನೆಗೂ ತಂದು ಒಮ್ಮೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ನನ್ನ ಹೆಂಡತಿ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ, “ಸಾಸಿವೆ ಯಾವ್ದು, ಜೀರಿಗೆ ಯಾವ್ದು ಅಂತ ಕಣ್ಣಿಗೆ ಕಾಣ್ತದೆ. ನಿಮ್ಮ ಹಾಗೆ ಓದಿ ಒಗ್ಗರಣೆ ಹಾಕೋಕೆ ಹೋದ್ರೆ ಎಣ್ಣೆ ಹೊತ್ತಿ ಹೋಗ್ತದೆ ಅಷ್ಟೆ” ಎಂದು ಚೀಟಿಗಳನ್ನೆಲ್ಲ ಕಿತ್ತಳು. ಅವಳಿಗೆ ವೈಜ್ಞಾನಿಕ ಮನೋಭಾವ ಇಲ್ಲವೆಂದು ಮರುಗಿದೆ.

ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಕಮ್ಮರಡಿ ಕಡೆಯ ಗಿರಿಜಮ್ಮ ಬಂದರು. ಅರವತ್ತು ದಾಟಿದ, ಅವರಿವರ ತೋಟಗಳಲ್ಲಿ ದುಡಿದು ಅಂಗೈ ಗಟ್ಟಿಯಾದ ಹೆಂಗಸು. ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ ಬಿ.ಪಿ. ಮಾತ್ರೆ ಒಯ್ಯುತ್ತಿದ್ದರು. “ಡಾಕ್ಟ್ರೇ, ಮಾತ್ರೆ ಖಾಲಿಯಾಗಿ ಎರಡು ದಿನ ಆಯ್ತು. ಬಸ್ಸು ಹೊರಡ್ತದೆ, ಬೇಗ ಕೊಡಿ” ಎಂದರು. ನಾನು ಇನ್ನೊಬ್ಬರಿಗೆ ಕೆಮ್ಮಿನ ಬಗ್ಗೆ ಉಪನ್ಯಾಸ ಕೊಡುತ್ತಾ, ಹಿಂದೆ ತಿರುಗದೆ ಕೈ ಚಾಚಿ ಸ್ಟ್ರಿಪ್ ತೆಗೆದು ಕವರಿಗೆ ಹಾಕಿದೆ. “ಎರಡು ದಿನ ಬಿಟ್ರೆ ಹೇಗೆ? ಮನೆಗೆ ಹೋದ ಕೂಡ್ಲೇ ಒಂದು ತಗೊಳ್ಳಿ” ಎಂದು ಗದರಿದೆ ಕೂಡ. ಅವರು ತಲೆಯಾಡಿಸಿ ಬಸ್ಸಿಗೆ ಓಡಿದರು.

ಊಟದ ಹೊತ್ತು ಕಳೆದ ಮೇಲೆ ಅಂಗಡಿ ಖಾಲಿ. ಅದು ನಾನು ಸ್ಟಾಕು ನೋಡುವ ಸಮಯ. ಪುಸ್ತಕ ಹಿಡಿದು ಸ್ಟ್ರಿಪ್‌ಗಳನ್ನು ಎಣಿಸುತ್ತಾ ಬಂದೆ. ಗಿರಿಜಮ್ಮನ ಬಿ.ಪಿ. ಮಾತ್ರೆ ಪುಸ್ತಕಕ್ಕಿಂತ ಒಂದು ಸ್ಟ್ರಿಪ್ ಹೆಚ್ಚಿತ್ತು. ಅದರ ಪಕ್ಕದ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ಸ್ಟ್ರಿಪ್ ಕಮ್ಮಿ. ಹೆಸರು ಹೇಳಿ ಕಂಪನಿಯವರಿಗೆ ಬೇಸರ ಮಾಡುವುದಿಲ್ಲ. ಆದರೆ ಎರಡಕ್ಕೂ ಮೊದಲ ಮೂರು ಅಕ್ಷರ ಒಂದೇ, ಎರಡರ ಬೆಳ್ಳಿ ಹಾಳೆಯ ಮೇಲೂ ನೀಲಿ ಬರಹ. ನನ್ನ ಪ್ರಸಿದ್ಧ ಅಕ್ಷರಮಾಲೆಯೇ ಅವೆರಡನ್ನೂ ಅಕ್ಕಪಕ್ಕ ಕೂರಿಸಿತ್ತು.

ಮತ್ತೊಮ್ಮೆ ಎಣಿಸಿದೆ. ಮೂರನೆಯ ಸಲವೂ ಲೆಕ್ಕ ಅದೇ ಬಂತು. ಸಕ್ಕರೆ ಕಾಯಿಲೆ ಇಲ್ಲದವರು, ಅದೂ ಬೆಳಗಿನಿಂದ ಸರಿಯಾಗಿ ಉಣ್ಣದೆ ಬಸ್ಸಿನಲ್ಲಿ ಓಡಾಡಿದವರು ಆ ಮಾತ್ರೆ ನುಂಗಿದರೆ ಏನಾಗುತ್ತದೆ ಎಂಬುದು ಗಾಜಿನೊಳಗಿದ್ದ ಆ ಡಿಪ್ಲೊಮಾದವನಿಗೆ ಚೆನ್ನಾಗಿ ಗೊತ್ತಿತ್ತು.

ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. “ಬೇಗ ಹೋಗಿ. ಎಚ್ಚರ ಇದ್ರೆ ಸಕ್ಕರೆ ನೀರು ಕುಡಿಸಿ, ಎಚ್ಚರ ಇಲ್ದಿದ್ರೆ ಬಾಯಿಗೆ ಏನೂ ಹಾಕ್ಬೇಡಿ. ಹೇಗಿದ್ರೂ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಅದರ ಪರಿಣಾಮ ತುಂಬಾ ಹೊತ್ತು ಇರ್ತದೆ” ಎಂದರು. ಗಿರಿಜಮ್ಮನ ಮನೆಗೆ ತಿಳಿಸೋಣವೆಂದರೆ ಅಲ್ಲಿ ಫೋನಿಲ್ಲ. ಆಗಿನ್ನೂ ಮೊಬೈಲಿನ ಸಿಗ್ನಲ್ಲು ಕೊಪ್ಪ ಪೇಟೆ ದಾಟುವುದೇ ಕಷ್ಟವಿತ್ತು. ಫಾರ್ಮಸಿಸ್ಟ್ ಇಲ್ಲದೆ ಔಷಧಿ ಕೊಡುವಂತಿಲ್ಲ, ಹಾಗಾಗಿ ಶಟರ್ ಎಳೆದೆ. ಬಾಡಿಗೆ ಜೀಪು ಹತ್ತಿ ಕೂತೆ.

ಕಮ್ಮರಡಿಯಲ್ಲಿ ಇಳಿದ ಮೇಲೆ ಇನ್ನೊಂದು ಪಾಪ ಎದುರಿಗೆ ಬಂತು. ಬಿಲ್ಲಿನಲ್ಲಿ ರೋಗಿಯ ಹೆಸರು, ಊರು ಪೂರ್ತಿ ಬರೆಯುವುದು ನನಗೆ ಬೇಜಾರು. ‘ಗಿರಿಜಮ್ಮ’ ಎಂದಷ್ಟೇ ಗೀಚಿದ್ದೆ. “ಯಾವ ಗಿರಿಜಮ್ಮ ಮಾರಾಯ್ರೆ?” ಎಂದು ಕೇಳಿದ ಅಲ್ಲಿನ ಕಿರಾಣಿ ಅಂಗಡಿಯವರು ಹತ್ತಿರದ ಒಂದು ಮನೆ ತೋರಿಸಿದರು. ನಾನು ಒಳಗೆ ನುಗ್ಗಿ, “ಮಾತ್ರೆ ನುಂಗಿದ್ರಾ?” ಎಂದು ಕಿರುಚಿದೆ. ಅಲ್ಲಿದ್ದ ಗಿರಿಜಮ್ಮ ದಪ್ಪನೆಯ ಬೇರೆ ಹೆಂಗಸು. ಹೆದರಿ, “ಇಲ್ಲ, ನಿನ್ನೆಯಿಂದ ಮರ್ತು ಹೋಯ್ತು, ಈಗ್ಲೇ ನುಂಗ್ತೆ” ಎಂದು ಎದ್ದರು. ಮಾತ್ರೆ ತಪ್ಪಿಸಿದವರನ್ನು ಸರ್ಕಾರ ಮನೆಮನೆಗೆ ಬಂದು ವಿಚಾರಿಸುತ್ತಿದೆ ಎಂದು ಅವರು ತಿಳಿದಿರಬೇಕು.

ಸರಿಯಾದ ಗಿರಿಜಮ್ಮನ ಮನೆ ಇನ್ನೂ ಒಂದು ಫರ್ಲಾಂಗು ಒಳಗೆ ಎಂದು ಅವರೇ ದಾರಿ ಹೇಳಿದರು. ನಾನು ಹೋದಾಗ ಗಿರಿಜಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಹಣೆಯೆಲ್ಲ ಬೆವರು, ಕೈ ನಡುಕ. ಸೊಸೆ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಳು.

“ಡಾಕ್ಟ್ರೇ ಬಂದ್ರಾ? ನೀವು ಹೇಳ್ದ ಹಾಗೆ ಬಂದ ಕೂಡ್ಲೇ ನುಂಗ್ದೆ” ಎಂದರು ಗಿರಿಜಮ್ಮ. ಮಾತು ತೊದಲುತ್ತಿತ್ತು.

ಸೊಸೆಗೆ ಸಕ್ಕರೆ ತರಲು ಹೇಳಿ, ನೀರಿನಲ್ಲಿ ಕದಡಿ ನಾನೇ ಲೋಟ ಹಿಡಿದು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ನಾಲ್ಕು ತುತ್ತು ಅನ್ನ ತಿನ್ನಿಸಿ ಜೀಪಿಗೆ ಹತ್ತಿಸಿದೆವು. ಆಮೇಲೆ, ದಾರಿಯಲ್ಲಿ ಹೇಳಿದೆ.

“ಅಮ್ಮ, ತಪ್ಪು ನಂದು. ನಾನು ಬೇರೆ ಮಾತ್ರೆ ಕೊಟ್ಟೆ.”

ಅವರು ಸೆರಗಿನಿಂದ ಹಣೆ ಒರೆಸಿಕೊಂಡರು. ಆಮೇಲೆ, “ಮಾತ್ರೆ ಬಣ್ಣ ಬೇರೆ ಇತ್ತು, ನಂಗೆ ಕಂಡಿತ್ತು” ಎಂದರು. “ನೀವು ಕೊಟ್ಟಿದ್ದಲ್ವ, ಸರಿಯೇ ಇರ್ತದೆ ಅಂದ್ಕಂಡೆ.”

ನನಗೆ ಆವತ್ತಿನವರೆಗೆ ಯಾರೂ ಇಷ್ಟು ದೊಡ್ಡ ಬೈಗುಳ ಬೈದಿರಲಿಲ್ಲ. ಸೊಸೆ ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಸ್ಪತ್ರೆಯಲ್ಲಿ ಗ್ಲುಕೋಸ್ ಹಾಕಿದರು. ಮರುದಿನ ಬೆಳಿಗ್ಗೆ ಹೋದಾಗ ಗಿರಿಜಮ್ಮ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. “ಎಂತ ಅಲ್ಲೇ ನಿಂತ್ಯ? ಬಾ ಒಳಗೆ” ಎಂದರು. ‘ಡಾಕ್ಟ್ರೇ’ ಹೋಗಿ ‘ನೀನು’ ಬಂದಿತ್ತು. “ಗೊತ್ತಾದ ಮೇಲೂ ಸುಮ್ನೆ ಅಂಗಡಿಲಿ ಕೂತಿದ್ರೆ ನಾನು ಎಂತ ಮಾಡ್ತಿದ್ದೆ? ಓಡಿ ಬಂದ್ಯಲ ಮಾರಾಯ.” ನನಗೆ ಅಳು ಬಂತು. ಮೂಗು ಒರೆಸಿಕೊಳ್ಳಲು ಹೊರಗೆ ಹೋದೆ.

ಅವರು ಇನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ತಿಂಗಳು ಸರಿಯಾಗಿ ಬಂದರು, ಬೆಂಚಿನ ಮೇಲೆ ಕೂತರು, “ಓದು” ಎಂದರು. ನಾನು ಡಾಕ್ಟರ ಚೀಟಿ, ಸ್ಟ್ರಿಪ್ ಎರಡನ್ನೂ ಹಿಡಿದು ಮಾತ್ರೆಯ ಹೆಸರು, ಅದು ಯಾವುದಕ್ಕೆ, ಯಾವಾಗ ತಗೊಳ್ಳಬೇಕು, ಅವಧಿ ಮುಗಿಯುವ ತಿಂಗಳು, ಎಲ್ಲವನ್ನೂ ಶಾಲೆಯ ಮಗ್ಗಿಯಂತೆ ಗಟ್ಟಿಯಾಗಿ ಒಪ್ಪಿಸಿದೆ. “ಇನ್ನೊಂದ್ಸಲ” ಎಂದರು. ಅದನ್ನು ನೋಡಿದ ಉಳಿದ ಗಿರಾಕಿಗಳು, “ನಮಗೂ ಓದಿ” ಎನ್ನತೊಡಗಿದರು. ಈಗ ಸಂತೆಯ ದಿನ ನನ್ನ ಗಂಟಲಿಗೇ ಒಂದು ಸಿರಪ್ ಬೇಕಾಗುತ್ತದೆ. ಆ ಎರಡು ಮಾತ್ರೆಗಳನ್ನು ಬೇರೆ ಬೇರೆ ಗೋಡೆಗೆ ಕಳಿಸಿದ್ದೇನೆ. ಬಿಲ್ಲಿನಲ್ಲಿ ಊರು ಮಾತ್ರವಲ್ಲ, ಮನೆಗೆ ಹೋಗುವ ದಾರಿಯನ್ನೂ ಬರೆಯುತ್ತೇನೆ.

ಮೊನ್ನೆ ಹೀಗೆ ಓದುತ್ತಿರುವಾಗಲೇ ಚಿಕ್ಕಮಗಳೂರಿನಿಂದ ಡ್ರಗ್ ಇನ್ಸ್‌ಪೆಕ್ಟರು ಬಂದರು. ಪೂರ್ತಿ ಕೇಳಿಸಿಕೊಂಡು, “ಬಹಳ ಒಳ್ಳೆ ಪದ್ಧತಿ. ಎಲ್ಲಿ ಕಲಿತ್ರಿ ಇದನ್ನ?” ಎಂದರು.

“ಅನುಭವ ಸಾರ್” ಎಂದೆ, ಆದಷ್ಟು ವಿನಯದಿಂದ.

“ಅನುಭವ ಇವ್ನದ್ದಲ್ಲ ಮಾರಾಯ್ರೆ” ಎಂದರು ಬೆಂಚಿನ ಮೇಲಿದ್ದ ಗಿರಿಜಮ್ಮ, “ನಂದು.”

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ಅವರು ಮುಂದಿನ ಪ್ರಶ್ನೆ ಕೇಳುವ ಮೊದಲೇ ಸ್ಟಾಕಿನ ಪುಸ್ತಕವನ್ನು ಅವರ ಕೈಗಿತ್ತು, ಕುರ್ಚಿ ಒರೆಸಿ, ಚಹಾ ಹೇಳಿದೆ. ತಪಾಸಣೆಯನ್ನು ನಾನು ಅಷ್ಟು ಉತ್ಸಾಹದಿಂದ ಸ್ವಾಗತಿಸಿದ್ದು ಅದೇ ಮೊದಲು.