ಒಂಬತ್ತು ಕೊಕ್ಕೆಯ ಊರು

ನನ್ನ ಸೋದರಮಾವನ ಪಾರ್ಸಲ್ ಆಫೀಸಿನಲ್ಲಿರುವ ಕಂಪ್ಯೂಟರಿಗೆ ಕಾಲುಗಳಿಲ್ಲ. ಇದ್ದಿದ್ದರೆ ಅದು ಇಷ್ಟು ಹೊತ್ತಿಗೆ ಬೀರೂರು ಜಂಕ್ಷನ್ನಿಗೆ ಓಡಿಹೋಗಿ, ಸಿಕ್ಕಿದ ರೈಲು ಹತ್ತಿ ದೇಶಾಂತರ ಹೊರಟುಬಿಡುತ್ತಿತ್ತು! ಎರಡು ಕಾಲಿದ್ದೂ ಓಡಿಹೋಗದೆ ಮಾವನ ಎದುರು ಕೂತಿದ್ದವಳು ನಾನು. ನಮ್ಮಿಬ್ಬರಲ್ಲಿ ದಡ್ಡರು ಯಾರು ಎಂದು ನೀವೇ ತೀರ್ಮಾನಿಸಿ.

ಕಡೂರು ಬಸ್ ನಿಲ್ದಾಣದ ಪಕ್ಕದಲ್ಲಿ ಮಾವನದೊಂದು ಮಳಿಗೆ. ಒಬ್ಬ ಖಾಸಗಿ ಬಸ್ ಮಾಲೀಕರ ಬಸ್ಸುಗಳಲ್ಲಿ ಸುತ್ತಲ ಊರುಗಳಿಗೆ ಪಾರ್ಸಲ್ ಕಳಿಸುವ ಗುತ್ತಿಗೆ ಅವರದು. ತರೀಕೆರೆಯಲ್ಲೊಂದು ಕೌಂಟರ್, ಅಜ್ಜಂಪುರದಲ್ಲೊಂದು ಕೌಂಟರ್. ಅಜ್ಜಂಪುರದ್ದನ್ನು ನೋಡಿಕೊಳ್ಳುವವರು ಮಾವನ ಹೆಂಡತಿ, ನಮ್ಮ ಅತ್ತೆ. ಮನೆ ಅಲ್ಲೇ ಇರುವುದರಿಂದ ಮಾವ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಡೂರಿಗೆ ಬರುತ್ತಾರೆ, ಸಂಜೆ ವಾಪಸು ಹೋಗುತ್ತಾರೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾಗಿ ಬಂದ ಮೇಲೆ ಬಸ್ಸಿನ ಬೋರ್ಡುಗಳನ್ನು ನೋಡಿ ನೋಡಿ ಕನ್ನಡ ಓದಲು ಕಲಿತವರು. ಇಂಗ್ಲಿಷ್ ಅವರಿಗೆ ಬಾರದು.

ನಾನು ತರೀಕೆರೆಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವಳು. ಬಸ್ ಮಾಲೀಕರು ಇದ್ದಕ್ಕಿದ್ದಂತೆ "ಕೈಬರಹದ ಚೀಟಿ ಸಾಕು, ಇನ್ನು ಮೇಲೆ ಎಲ್ಲಾ ಕಂಪ್ಯೂಟರ್ ಲೇಬಲ್" ಎಂದು ಹೇಳಿ, ಎಲ್ಲಿಂದಲೋ ಒಂದು ಹಳೆಯ ಡೇಟಾಬೇಸ್ ಸರ್ವರ್, ಎಂದರೆ ಲೆಕ್ಕವೆಲ್ಲ ಕೂಡಿಡುವ ಕಂಪ್ಯೂಟರ್, ತಂದು ಮಾವನ ಮಳಿಗೆಯಲ್ಲಿ ಇಳಿಸಿಹೋದರು. ಮಾವ ನನಗೆ ಫೋನು ಮಾಡಿದರು.

"ಅಮ್ಮಣ್ಣಿ, ಒಂದರ್ಧ ಗಂಟೆ ಕೆಲ್ಸ ಐತೆ ಕಣೇ. ಹಿಂಗ್ ಬಂದು ಹಂಗ್ ಹೋಗ್ಬಿಡು."

ಹೋದೆ. ಲೇಬಲ್ ಮುದ್ರಿಸುವ ಪ್ರೋಗ್ರಾಮನ್ನು ಸರ್ವರಿಗೆ ಜೋಡಿಸಿದೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಹೊಡೆದು ನೋಡಿದರೆ ಮುತ್ತಿನಂಥ ಲೇಬಲ್ ಬಂತು. ಮಾವ ಕೊಡಿಸಿದ ಕಾಫಿ ಕುಡಿದು ನೆಮ್ಮದಿಯಾಗಿ ತರೀಕೆರೆಗೆ ಬಂದೆ. ಆ ನೆಮ್ಮದಿಯ ಆಯಸ್ಸು ಒಂದೇ ದಿನದ್ದು! ಮಾರನೆಯ ಬೆಳಿಗ್ಗೆ ಮಾವ ಎಲ್ಲ ಊರುಗಳ ಹೆಸರನ್ನೂ ಕನ್ನಡದಲ್ಲಿ ಹೊಡೆದಿದ್ದರು. ಲೇಬಲ್ಲಿನಲ್ಲಿ ಫೋನ್ ನಂಬರ್ ಬಿಟ್ಟರೆ ಉಳಿದದ್ದೆಲ್ಲಾ ಬರೀ ಪ್ರಶ್ನೆ ಚಿಹ್ನೆ.

ಇನ್ನೊಬ್ಬರಾಗಿದ್ದರೆ ಏನು ಮಾಡುತ್ತಿದ್ದರು? ಕೆಲಸ ನಿಲ್ಲಿಸಿ ನನಗೆ ಫೋನು ಮಾಡುತ್ತಿದ್ದರು. ಮಾವ ಫೋನು ಮಾಡಲಿಲ್ಲ. ಕೂತು ಪ್ರಶ್ನೆ ಚಿಹ್ನೆಗಳನ್ನು ಎಣಿಸಿದರು! ಅವರ ಬಾಯಲ್ಲಿ ಅದರ ಹೆಸರು ಕೊಕ್ಕೆ. ಒಂದೊಂದು ಅಕ್ಷರಕ್ಕೆ, ಅದರ ಕೊಂಬಿಗೆ, ದೀರ್ಘಕ್ಕೆ, ಸೊನ್ನೆಗೆ ಎಲ್ಲಕ್ಕೂ ಬೇರೆ ಬೇರೆ ಕೊಕ್ಕೆ ಬೀಳುತ್ತದೆ ಎನ್ನುವುದನ್ನು ಅವರೇ ಕಂಡುಹಿಡಿದರು. ಕಡೂರು ಎಂದರೆ ಐದು ಕೊಕ್ಕೆ, ಬೀರೂರು ಆರು, ತರೀಕೆರೆ ಏಳು, ಅಜ್ಜಂಪುರ ಎಂಟು, ಸಿಂಗಟಗೆರೆ ಒಂಬತ್ತು. ಎರಡೂ ಕೌಂಟರಿಗೆ ಫೋನು ಮಾಡಿ ಬಾಯಿಪಾಠ ಮಾಡಿಸಿದರು. ಒಂದು ವಾರ ಮೂರು ತಾಲ್ಲೂಕಿನ ಪಾರ್ಸಲ್‌ಗಳು ಕೊಕ್ಕೆಯ ಲೆಕ್ಕದಲ್ಲೇ ಓಡಾಡಿದವು, ನಂಬುತ್ತೀರಾ?

ನನಗೆ ವಿಷಯ ಗೊತ್ತಾಗಿದ್ದು ಅಂತರಘಟ್ಟೆಯಿಂದ. ದುರದೃಷ್ಟಕ್ಕೆ ಅದೂ ಒಂಬತ್ತು ಕೊಕ್ಕೆಯ ಊರು. ಆ ಊರಿನ ಮದುವೆ ಮನೆಗೆ ಕಡೂರಿನ ಟೈಲರ್ ಕಳಿಸಿದ ಬ್ಲೌಸುಗಳು ಸಿಂಗಟಗೆರೆಯ ದಾರಿ ಹಿಡಿದವು. ಸಿಂಗಟಗೆರೆಯ ಒಬ್ಬರಿಗೆ ಹೋಗಬೇಕಾಗಿದ್ದ ಬೋರ್‌ವೆಲ್ ಮೋಟಾರಿನ ಚಕ್ರ ಮದುವೆ ಮನೆಗೆ ತಲುಪಿತು. ನಾನು ಆಫೀಸಿಗೆ ಕಾಲಿಡುವ ಹೊತ್ತಿಗೆ ಮಾವ ಎರಡು ಕಿವಿಗೆ ಎರಡು ಫೋನು ಹಿಡಿದಿದ್ದರು.

"ಏನ್ರೀ, ಬೋರ್‌ವೆಲ್ಲಿಗೆ ಜರಿ ಬ್ಲೌಸ್ ತೊಡಿಸ್ಲಾ?" ಎಂದು ಒಂದು ಫೋನು.

"ಹೆಣ್ಣಿಗೆ ಮೋಟಾರ್ ಕೂರಿಸ್ತೀರೇನ್ರೀ?" ಎಂದು ಇನ್ನೊಂದು ಫೋನು.

ಮಾವ ಎರಡನ್ನೂ ಮೇಜಿನ ಮೇಲೆ ಎದುರುಬದುರಾಗಿ ಇಟ್ಟು, "ನೀವ್ ನೀವೇ ಮಾತಾಡ್ಕಳಿ, ನಂಗೆ ಕಂಪ್ಯೂಟರ್ ಕೆಲ್ಸ ಐತೆ" ಎಂದು ನನ್ನ ಕಡೆ ತಿರುಗಿದರು.

ಸಂಜೆ ಬಸ್ ಮಾಲೀಕರೇ ಬಂದರು. ಅವರು ಕೂಗಾಡುವ ಮನುಷ್ಯರಲ್ಲ, ಅದೇ ಭಯ. "ಸೋಮವಾರದೊಳಗೆ ಓದೋ ಥರ ಲೇಬಲ್ ಬರ್ಬೇಕು. ಇಲ್ಲಾಂದ್ರೆ ಎಲ್ಲಾ ಇಂಗ್ಲಿಷ್ ಮಾಡ್ಬಿಡಿ. ಅಜ್ಜಂಪುರದಲ್ಲಿ ಇಂಗ್ಲಿಷ್ ಬರೋರು ಯಾರನ್ನಾದ್ರೂ ಕೂರ್ಸಿ, ಯಜಮಾನ್ತಿ ಮನೇಲಿರ್ಲಿ ಬಿಡಿ, ವಯಸ್ಸಾಯ್ತು" ಎಂದು ಹೇಳಿ ಹೋದರು. ಹಾಗೆಂದರೆ ಅತ್ತೆಯ ಕುರ್ಚಿ ಹೋಗುತ್ತದೆ ಎಂದು ನನಗೆ ಅರ್ಥವಾಯಿತು. ಮಾವನಿಗೂ ಅರ್ಥವಾಗಿರಬೇಕು. ಆದರೆ ಆ ಮನುಷ್ಯ ಅದನ್ನು ಬಾಯಿಬಿಟ್ಟು ಹೇಳಬೇಕಲ್ಲ!

"ಮಾವ, ಸದ್ಯಕ್ಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ..." ಎಂದು ನಾನು ಬಾಯಿ ತೆರೆದೆ.

"ಬ್ಯಾಡ. ಇಂಗ್ಲಿಷ್ ಅಕ್ಷರ ಸಣಕಲು ಕಣೇ. ನಮ್ ರೋಡಿನ ಕುಲುಕಾಟಕ್ಕೆ ಅಜ್ಜಂಪುರ ಬರೋದ್ರೊಳಗೆ ಉದುರೋಗ್ತಾವೆ. ಕನ್ನಡದ್ದು ಗುಂಡ್‌ಗಿರ್ತಾವೆ. ಉರುಳ್ಕಂಡಾದ್ರೂ ಊರು ಸೇರ್ತಾವೆ."

ಇಂಥವರಿಗೆ ಏನು ಹೇಳುತ್ತೀರಿ? ನಾನು ತಲೆ ಚಚ್ಚಿಕೊಂಡು ಸರ್ವರ್ ಮುಂದೆ ಕೂತೆ. ಅದರ ಸೆಟ್ಟಿಂಗ್ ತೆಗೆದು ನೋಡಿದರೆ, ಯಾವ ಕಾಲದಲ್ಲಿ ಯಾರು ಮಾಡಿದ್ದೋ, ಅಕ್ಷರಗಳನ್ನು ಅಂಕಿಯಾಗಿ ಬರೆದಿಡುವ ಎನ್‌ಕೋಡಿಂಗ್ ಯುರೋಪಿನ ಭಾಷೆಗಳಿಗೆ ಮಾತ್ರ ಆಗುವಂಥದ್ದು. ಕನ್ನಡ ಕೊಟ್ಟರೆ ಅದಕ್ಕೆ ಇಡಲು ಜಾಗವಿಲ್ಲ, ಅಕ್ಷರ ಎಸೆದು ಪ್ರಶ್ನೆ ಚಿಹ್ನೆ ಇಟ್ಟುಕೊಳ್ಳುತ್ತದೆ. ಯಾವ ದೇಶದ ರೂಢಿ ಹಿಡಿಯಬೇಕೆಂದು ಯಂತ್ರಕ್ಕೆ ಹೇಳುವ ಲೊಕೇಲ್ ಅಮೆರಿಕದ್ದು. ಅದಕ್ಕೇ ತಾರೀಖಿನಲ್ಲಿ ತಿಂಗಳು ಮುಂದೆ, ದಿನ ಹಿಂದೆ. ಹಿಂದಿನ ದಿನ ಬಂದ ಒಂದು ಬುಟ್ಟಿ ಕಾಕಡ ಹೂವನ್ನು ಸರ್ವರ್ ನಾಲ್ಕು ತಿಂಗಳಿಂದ ಯಾರೂ ಬಿಡಿಸಿಕೊಂಡಿಲ್ಲ ಎಂದು ಹೇಳಿ, ಹೂವಿನವರಿಗೆ ದಂಡ ಬೇರೆ ಹಾಕಿತ್ತು.

"ಮಾವ, ಈ ಯಂತ್ರ ತಾನು ಅಮೆರಿಕದಲ್ಲಿದೀನಿ ಅಂದ್ಕೊಂಡಿದೆ" ಎಂದೆ. ಹೇಳಬಾರದಾಗಿತ್ತು.

"ಕಡೂರ್ ಬಸ್ ಸ್ಟ್ಯಾಂಡಲ್ಲಿ ಕೂತ್ಕಂಡು ಅಮೆರಿಕಾ ಅಂತೈತಾ? ಇದಕ್ಕೆ ಯಾರ್ ಹೇಳಿದ್ದು?" ಎಂದವರೇ, ನನ್ನಿಂದಲೇ ವೈರು ಕೀಳಿಸಿ, ಆ ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು ಬಾಗಿಲಿಗೆ ಹೋದರು. ಹೋಗಿ, ಅದರ ಮುಖವನ್ನು ಬಸ್ಸುಗಳ ಕಡೆ ಹಿಡಿದು, "ನೋಡ್ಕೊ. ಸರಿಯಾಗ್ ನೋಡ್ಕೊ. ಇದು ಕಡೂರು" ಎಂದರು! ಕಡ್ಲೆಪುರಿ ಮಾರುವವರು ನಗಲಿಲ್ಲ. ಅವರಿಗೆ ಮಾವ ಹೊಸಬರಲ್ಲ. ನಾನು ಮಾತ್ರ ಮೇಜಿನ ಕೆಳಗೆ ಏನೋ ಹುಡುಕುವವಳಂತೆ ಬಗ್ಗಿದೆ.

ಲೊಕೇಲ್ ಬದಲಾಯಿಸುವಾಗ ಇನ್ನೊಂದು ರಾಮಾಯಣ. ಕನ್ನಡ, ಇಂಡಿಯಾ ಎಂದು ಆರಿಸಿದೆ.

"ಇಂಡಿಯಾ ದೊಡ್ಡದಾಯ್ತು. ಕಡೂರು ಅಂತ ಹಾಕು."

"ಕಡೂರು ಅಂತ ಇರಲ್ಲ ಮಾವ."

"ಸರಿಯಾಗ್ ಹುಡ್ಕು. ಬೀರೂರಾದ್ರೂ ಇರ್ತೈತೆ, ಜಂಕ್ಷನ್ನು."

ಇರಲಿಲ್ಲ. ಅದಕ್ಕೂ ನಾನೇ ಹೊಣೆ ಎನ್ನುವಂತೆ ನನ್ನ ಮುಖ ನೋಡಿದರು. ಕೊಕ್ಕೆಯಾಗಿ ಹೋದ ಹಳೆಯ ಹೆಸರುಗಳನ್ನು ಮತ್ತೆ ಕನ್ನಡ ಮಾಡಿಕೊಡು ಎಂದರು. ಅದು ಹಿಟ್ಟು ಬೀಸಿದ ಮೇಲೆ ರಾಗಿ ವಾಪಸ್ ಕೇಳಿದಂತೆ, ಆಗುವುದಿಲ್ಲ ಮಾವ ಎಂದೆ. "ಹಂಗಾದ್ರೆ ನೀನು ಓದಿದ್ದೇನೇ?" ಎಂದರು.

ಅಂತೂ ಜಗತ್ತಿನ ಎಲ್ಲ ಲಿಪಿಗಳಿಗೂ ಜಾಗವಿರುವ ಯುನಿಕೋಡ್ ಎನ್‌ಕೋಡಿಂಗ್ ಹಾಕಿ ಹೊಸ ಡೇಟಾಬೇಸ್ ಮಾಡಿದೆ. ಲೇಬಲ್ ಹೊಡೆಸಿದೆ. ಕೊಕ್ಕೆ ಮಾಯ! ಅದರ ಜಾಗದಲ್ಲಿ ಟೋಪಿ ಹಾಕಿದ ಅಕ್ಷರ, ಬಾಲ ಬಿಟ್ಟ ಅಕ್ಷರ, ಸಾಲಿಗಿಂತ ಮೇಲೇರಿ ಕೂತ ಪುಟ್ಟ ಅಂಕಿ. ಒಂದು ಕನ್ನಡ ಅಕ್ಷರಕ್ಕೆ ಮೂರು ಮೂರು ವಿಚಿತ್ರಗಳು ಸಾಲಾಗಿ ನಿಂತು, ಊರಿನ ಹೆಸರು ಲೇಬಲ್ ದಾಟಿ ಡಬ್ಬದ ಆಚೆ ಹೋಗಿತ್ತು. ನಾನು ಕಾರಣ ಹುಡುಕುತ್ತಿದ್ದರೆ ಮಾವ ಆ ಲೇಬಲ್ ಅಂಟಿಸಿದ ಒಂದು ಪಾರ್ಸಲನ್ನು ಆಗಲೇ ಅಜ್ಜಂಪುರದ ಬಸ್ಸಿಗೆ ಹಾಕಿದ್ದರು. ಬಸ್ಸು ತಲುಪಿದ ಮೇಲೆ ಅತ್ತೆಯ ಫೋನು ಬಂತು.

"ಅಮ್ಮಣ್ಣಿ, ಯಾರೋ ಮಾಟದ ಡಬ್ಬ ಕಳ್ಸವ್ರೆ ಕಣೇ. ಮುಟ್ಲಿಲ್ಲ ನಾನು. ಒಂದು ನಿಂಬೆಹಣ್ಣು ಇಟ್ಟಿದೀನಿ."

"ಮಾಟ ಅಲ್ಲ ಅತ್ತೆ, ಅದು ಕನ್ನಡವೇ."

"ಇದಾ ಕನ್ನಡ?" ಎಂದರು ಅತ್ತೆ. ಆಮೇಲೆ ಅವರ ದನಿ ಇಳಿಯಿತು. "ಸಾಹುಕಾರ್ರು ಹೇಳಿದ್ದು ನನ್ ಕಿವಿಗೂ ಬಿದ್ದೈತೆ. ಸೋಮವಾರದೊಳಗೆ ಸರಿ ಹೋಗ್ತೈತೇನೇ? ಈ ಕುರ್ಚಿ ಬಿಟ್ರೆ ನಂಗೆ ಇನ್ನೇನೈತೆ ಹೇಳು. ಇಲ್ಲಿ ಕೂತಿದ್ರೆ ಊರವ್ರೆಲ್ಲ ಬಂದು, ನಂಗೇನ್ ಬಂದೈತೆ ನೋಡಿ ಅಮ್ಮಾ ಅಂತಾರೆ. ಮನೇಲಿ ಗೋಡೆ ಮಾತಾಡ್ತೈತಾ?"

ಮಾವ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸಿಕೊಂಡು ಹೇಳಿದ್ದೇನು ಗೊತ್ತೇ? "ನಿಂಬೆಹಣ್ಣು ದುಬಾರಿ ಐತೆ, ಸುಮ್ನೆ ಹಾಳ್ ಮಾಡ್ತಾಳೆ." ನನಗೆ ಎಷ್ಟು ಸಿಟ್ಟು ಬಂತೆಂದರೆ ಕೀಬೋರ್ಡನ್ನು ಅವರ ತಲೆಯ ಮೇಲೆ ಇಡೋಣವೆನಿಸಿತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ಸರ್ವರ್ ಯುನಿಕೋಡ್ ಆಗಿತ್ತು, ಡೇಟಾಬೇಸೂ ಆಗಿತ್ತು, ಲೇಬಲ್ ಪ್ರೋಗ್ರಾಮು ಸರ್ವರಿನೊಡನೆ ಮಾತಾಡುವ ಕನೆಕ್ಷನ್ ಮಾತ್ರ ಹಳೆಯ ಎನ್‌ಕೋಡಿಂಗನ್ನೇ ಹಿಡಿದುಕೊಂಡು ಕೂತಿತ್ತು. ನಡುವೆ ನಿಂತವನು ತಪ್ಪಾಗಿ ಹೇಳಿದರೆ ಎರಡು ಕಡೆಯವರು ಸರಿಯಿದ್ದು ಏನು ಪ್ರಯೋಜನ? ಅದನ್ನೂ ಸರಿಮಾಡಿದೆ.

"ಮಾವ, ಈಗ ಒಂದು ಪಾರ್ಸಲ್ ಹೊಡೆದು ನೋಡೋಣ. ಊರು ಹೇಳಿ."

"ಅಜ್ಜಂಪುರ."

"ಯಾರಿಗೆ?"

ಮಾತಿಗೆ ಮಾತು ಸಿದ್ಧವಾಗಿಟ್ಟುಕೊಂಡಿರುವ ಮಾವ ಹೆಗಲ ಮೇಲಿದ್ದ ಟವೆಲ್ ತೆಗೆದು ಕೊಡವಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಕೀಬೋರ್ಡ್ ಎಳೆದುಕೊಂಡು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಪರದೆಯ ಮೇಲೆ ಮೂಡಿದ್ದು 'ಸಿದ್ದಗಂಗಮ್ಮ'.

ಅದು ನಮ್ಮ ಅತ್ತೆಯ ಹೆಸರು. ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದು ನಮ್ಮ ಮನೆತನದಲ್ಲಿಲ್ಲ. ಮದುವೆಯಲ್ಲಿ ಹೆಂಗಸರು ಅಡ್ಡಗಟ್ಟಿ, ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದಾಗಲೂ ಮಾವ ಹೇಳದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದರಂತೆ. ಅಂದಿನಿಂದ ಅವರಿಗೆ ಅತ್ತೆ 'ಇವಳೇ', ನಮ್ಮ ಮುಂದೆ 'ನಿಮ್ಮತ್ತೆ'. ಅಷ್ಟೇ. ಈಗ ಮಾವ ಅದೇ ಹೆಸರಿನ ಒಂದೊಂದು ಒತ್ತಕ್ಷರವನ್ನೂ ಕನ್ನಡಕ ಏರಿಸಿ ಪರೀಕ್ಷೆ ಮಾಡುತ್ತಿದ್ದರು.

ಲೇಬಲ್ ಹೊರಗೆ ಬಂತು. ಕೊಕ್ಕೆಯಿಲ್ಲ, ಟೋಪಿಯಿಲ್ಲ, ದುಂಡುದುಂಡಾದ ಕನ್ನಡ. ಖಾಲಿ ಡಬ್ಬ ಕಳಿಸಬಾರದೆಂದು ಮಾವ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದು ತುಂಬಿದರು. ಬಸ್ಸಿಗೂ ತಾವೇ ಹೋಗಿ ಹಾಕಿ ಬಂದರು. ಆಮೇಲೆ ಬಸ್ಸು ಅಜ್ಜಂಪುರ ಮುಟ್ಟುವವರೆಗೆ ಆ ಮನುಷ್ಯ ಕೂರಲಿಲ್ಲ, ನನ್ನನ್ನೂ ಕೂರಗೊಡಲಿಲ್ಲ.

ಫೋನು ಬಂತು. ಸ್ಪೀಕರಿಗೆ ಹಾಕಿದೆ. ಅತ್ತೆ ನಮಗೆ ಹಲೋ ಕೂಡ ಹೇಳಲಿಲ್ಲ. ಬಸ್ಸಿನ ಬೋರ್ಡು ಓದುವಂತೆ ಗಟ್ಟಿಯಾಗಿ ಓದುತ್ತಿದ್ದರು.

"ಸಿದ್... ದ... ಗಂಗಮ್ಮ. ಅಜ್ಜಂಪುರ." ಆಮೇಲೆ ಕೇಳಿದರು, "ಅಮ್ಮಣ್ಣಿ, ಇದನ್ನ ನೀನಾ ಹೊಡ್ದಿದ್ದು?"

"ಇಲ್ಲ ಅತ್ತೆ. ಮಾವ."

ಆ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಆಮೇಲೆ ಅತ್ತೆ ಮೆಲ್ಲಗೆ, ತಮಗೇ ಎನ್ನುವಂತೆ, "ಇವ್ರಿಗೆ ನನ್ ಹೆಸ್ರು ನೆನಪೈತಾ?" ಎಂದರು.

ನನ್ನ ಅಷ್ಟು ದಿನದ ಸಿಟ್ಟೆಲ್ಲಾ ಎಲ್ಲಿ ಹೋಯಿತೋ. ಮಾವ ಮಾತ್ರ ಬಾಗಿಲ ಕಡೆ ಮುಖ ತಿರುಗಿಸಿ, ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು. "ಓದಕ್ಕಾಯ್ತಾ ಇಲ್ವಾ, ಅಷ್ಟ್ ಹೇಳೇ!"

"ಆಯ್ತು ಕಣ್ರೀ. ನಾನೇ ಓದ್ದೆ. ನಾಳೆ ನಾನೇ ಕೂರ್ತೀನಿ ಅಂತ ಸಾಹುಕಾರ್ರಿಗೆ ಹೇಳ್ಬಿಡಿ."

ಫೋನು ಇಟ್ಟಾಯಿತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲು ಎದ್ದೆ. ಮಾವ ಸರ್ವರಿನ ಮೇಲಿನ ಧೂಳನ್ನು ಟವೆಲಿನಿಂದ ಒರೆಸುತ್ತಾ, ನನ್ನ ಕಡೆ ನೋಡದೆ ಕೇಳಿದರು.

"ಅಮ್ಮಣ್ಣಿ, ನಾಳೆ ಇನ್ನೇನಾರ ಕಳಿಸ್ಬೋದಾ ಅಜ್ಜಂಪುರಕ್ಕೆ, ನಿಮ್ಮತ್ತೆ ಹೆಸ್ರಿಗೆ?"